ಎರಡು ಇಂಚು ಹೆಚ್ಚು

"ನಿಮ್ಮ ಹತ್ರ ಒಂದು ವಿಷಯ ಕೇಳ್ಬೇಕಿತ್ತು ಮೇಡಂ. ಆಗಲ್ಲ ಅಂದ್ರೂ ನಂಗೇನೂ ಬೇಜಾರಿಲ್ಲ," ಎಂದರು ತಕ್ಕಡಿಯವರು.

ಆಗ ನನ್ನ ತುಟಿಗಳ ನಡುವೆ ಮೂರು ಗುಂಡುಸೂಜಿಗಳಿದ್ದವು. ಯಾರದೋ ಮದುವೆಯ ಕೋಟಿಗೆ ತೋಳು ಕೂಡಿಸುತ್ತಿದ್ದೆ. ಮೂವತ್ತಮೂರು ವರ್ಷದ ಟೈಲರ್ ಒಬ್ಬಳ ಬಳಿ, ಮಟಮಟ ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಎರಡು ವರ್ಷದಿಂದ ಶರ್ಟಿನ ಗುಂಡಿ ಹಾಕಿಸಿಕೊಳ್ಳಲು ಬರುತ್ತಿರುವ ಗಂಡಸು ಹೀಗೆ ಮಾತು ಶುರು ಮಾಡಿದರೆ ಅವಳು ಏನೆಂದುಕೊಳ್ಳಬೇಕು? ನಾನೂ ಅದನ್ನೇ ಅಂದುಕೊಂಡೆ. ಸೂಜಿ ನುಂಗದೇ ಇದ್ದದ್ದು ಪುಣ್ಯ.

"ಹೂಂ, ಹೇಳಿ," ಎಂದೆ, ಬಾಯಿ ತೆರೆಯದೆ.

"ನಿಮ್ಮ ಮನೇಲಿ ಒಂದು ನಾಲ್ಕಡಿ ಜಾಗ ಸಿಗುತ್ತಾ? ಮೀನಿನ ತೊಟ್ಟಿ ಇಡೋಕೆ."

ಸೂಜಿಗಳನ್ನು ಒಂದೊಂದಾಗಿ ತೆಗೆದು ಮಿಷನ್ ಪಕ್ಕದ ಸೂಜಿಮೆತ್ತೆಗೆ ಚುಚ್ಚಿದೆ. ಸ್ವಲ್ಪ ಜೋರಾಗಿಯೇ ಚುಚ್ಚಿದೆ.

ಅವರಿಗೆ ಒಂದು ಹೆಸರೇನೋ ಇತ್ತು, ಆದರೆ ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿಯವರೆಂದೇ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವುದು ಅವರ ಕೆಲಸ. ಒಂದು ಗ್ರಾಂ ಆಚೀಚೆ ಆದರೂ ಯಂತ್ರವನ್ನು ಬಿಚ್ಚಿ ಹರಡಿಕೊಂಡು ಕೂರುವ ಮನುಷ್ಯ. ಎದುರುಗಡೆ ಕಟ್ಟಡದ ಮೊದಲ ಮಹಡಿಯಲ್ಲಿ ಹನ್ನೊಂದು ಮೀನುಗಳ ಜೊತೆ ಒಬ್ಬರೇ ಇದ್ದರು. ಈಗ ಕೆಳಗಿನ ಮನೆಯ ಸೀಲಿಂಗಿನಲ್ಲಿ ಬಿರುಕು ಕಾಣಿಸಿಕೊಂಡು, ಆ ತೊಟ್ಟಿಯನ್ನು ತಿಂಗಳೊಳಗೆ ಇಳಿಸಬೇಕೆಂದು ಮನೆಯ ಓನರ್ ಹಟ ಹಿಡಿದಿದ್ದರಂತೆ. ನಮ್ಮದು ನೆಲಮಟ್ಟದ ಮನೆ. ಮುಂದಿನ ಕೋಣೆಯಲ್ಲಿ ನನ್ನ ಅಂಗಡಿ, ಹಿಂದೆ ನಾನು ಮತ್ತು ಅಮ್ಮ.

"ಆರು ತಿಂಗಳು ಅಷ್ಟೇ," ಎಂದರು. "ಬೇರೆ ಊರಲ್ಲಿ ಒಂದು ಫ್ಯಾಕ್ಟರಿಯವರು ಕರೀತಿದ್ದಾರೆ. ಒಪ್ಕೊಂಡ್ರೆ ಅಲ್ಲಿ ಮನೆ ಮಾಡಿ, ಬಂದು ತಗೊಂಡು ಹೋಗ್ತೀನಿ. ಇಲ್ಲಿ ಇಡೋಕೆ ಒಂದು ಮರದ ಸ್ಟ್ಯಾಂಡ್ ಬೇಕು, ಅದನ್ನ ನಾನೇ ಮಾಡ್ಕೋತೀನಿ."

ಅಂದರೆ ಈ ಮನುಷ್ಯ ನಮ್ಮ ಮನೆಗೆ ಬರುತ್ತಿದ್ದಾರೋ, ಊರು ಬಿಟ್ಟು ಹೋಗುತ್ತಿದ್ದಾರೋ? ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿ ನನ್ನ ತಲೆ ಕೆಡಿಸಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಮ್ಮನ ಧ್ವನಿ ಬಂತು. "ಪಾಪ, ಮೀನುಗಳು ಇನ್ನೆಲ್ಲಿಗೆ ಹೋಗ್ಬೇಕು? ತಗೊಂಡು ಬನ್ನಿ!"

ಮೊದಲ ಭಾನುವಾರ ಅಳತೆ ತೆಗೆದೆವು. ನಡುಮನೆಯಲ್ಲಿ ಕಂಬಕ್ಕೂ ಗೋಡೆಗೂ ನಡುವೆ ಸರಿಯಾಗಿ ಐವತ್ತು ಇಂಚು ಜಾಗವಿತ್ತು. ತೊಟ್ಟಿ ನಲವತ್ತೆಂಟು ಇಂಚು, ಸ್ಟ್ಯಾಂಡು ನಲವತ್ತೊಂಬತ್ತು ಎಂದು ಲೆಕ್ಕ ಹಾಕಿದರು. ಟೇಪಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು.

"ಹಿಡ್ಕೊಂಡಿದ್ದೀರಾ?"

"ಹಿಡ್ಕೊಂಡಿದ್ದೀನಿ."

"ಬಿಡ್ಬೇಡಿ."

"ಬಿಟ್ಟಿಲ್ಲ."

ಟೇಪು ನೋಡಬೇಕಾದವರು ತಲೆಯೆತ್ತಿ ಇತ್ತ ನೋಡುತ್ತಲೇ ನಿಂತರು. ಹುಬ್ಬಿನ ಮೇಲೆ ಬೆವರಿನ ಒಂದು ಹನಿ ಬೀಳಲೋ ಬೇಡವೋ ಎನ್ನುವಂತೆ ನಿಂತಿತ್ತು. ನನ್ನ ಕಿವಿ ಬಿಸಿಯಾಯಿತು. ಆಮೇಲೆ ನೆನಪಾಯಿತು, ನನ್ನ ತಲೆಯ ಹಿಂದೆ ಗೋಡೆ ಗಡಿಯಾರವಿದೆ. ಅವರು ನೋಡಿದ್ದು ನನ್ನನ್ನೋ ಗಡಿಯಾರವನ್ನೋ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ, ಯಾವುದಾದರೇನಂತೆ, ಹೋಗುವವರು ತಾನೇ ಎಂದು ನನ್ನನ್ನೇ ಬೈದುಕೊಂಡೆ. ನಾಲ್ಕನೆಯ ದಿನ ಮತ್ತೆ ಯೋಚಿಸಿದೆ.

ಮರ ಕೊಯ್ಯಿಸಲು ಅಳತೆಯ ಪಟ್ಟಿ ಬರೆದದ್ದು ನಾನು. ಅವರ ಅಕ್ಷರ ಮರದ ಮಿಲ್ಲಿನವರಿಗೆ ಅರ್ಥವಾಗುವುದಿಲ್ಲವಂತೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮನಸ್ಸು ಗಡಿಯಾರದ ಬಳಿ ಇತ್ತು.

ಎರಡನೆಯ ಭಾನುವಾರ ಹಿತ್ತಲಿನಲ್ಲಿ ಕೆಲಸ ಶುರುವಾಯಿತು. ಕೊಯ್ದ ಮರ ಬಂದಿತ್ತು. ಕಾಲುಗಳಂತೂ ನಾಲ್ಕು ಇಂಚು ದಪ್ಪ. ಆನೆ ನಿಲ್ಲಿಸಬಹುದು.

"ಇಷ್ಟು ದಪ್ಪ ಯಾಕೆ?" ಎಂದೆ.

"ತೊಟ್ಟಿ, ನೀರು, ಕಲ್ಲು ಎಲ್ಲ ಸೇರಿ ಮುನ್ನೂರ ಹತ್ತು ಕಿಲೋ." ಅವರ ಕಣ್ಣು ಹೊಳೆಯಿತು. ತೂಕದ ಮಾತು ಬಂದರೆ ಈ ಮನುಷ್ಯನಿಗೆ ಬೇರೆ ಕಳೆಯೇ ಬರುತ್ತದೆ. "ಇಲ್ಲಿ ನೋಡಿ. ಮೇಲಿನ ಚೌಕಟ್ಟು ನೇರವಾಗಿ ಕಾಲಿನ ಮೇಲೆ ಕೂರ್ಬೇಕು. ಪಕ್ಕದಲ್ಲಿ ಸ್ಕ್ರೂ ಹೊಡೆದು ನೇತು ಹಾಕಿದ್ರೆ ಭಾರ ಎಲ್ಲ ಸ್ಕ್ರೂ ಮೇಲೆ. ಇವತ್ತು ನಿಲ್ಲುತ್ತೆ, ಒಂದಿನ ಕೈ ಕೊಡುತ್ತೆ. ಭಾರ ಮರದಿಂದ ಮರಕ್ಕೆ ಇಳಿದು ನೆಲ ಮುಟ್ಬೇಕು. ಸ್ಕ್ರೂ ಕೆಲಸ ಬರೀ ಜೊತೇಲಿ ಹಿಡಿದಿಡೋದು."

ಮರದ ತುಂಡುಗಳು ಕೂಡುವಲ್ಲೆಲ್ಲ ಅಂಟು ಸವರಿದರು. ನಾನು ಮರವನ್ನು ಒತ್ತಿ ಹಿಡಿದೆ. ಅವರು ಡ್ರಿಲ್ ತಿರುಗಿಸುವಾಗ ಮರದ ಪುಡಿ ನನ್ನ ಮೊಣಕೈ ಮೇಲೆ ಉದುರಿತು. ಬಗ್ಗಿ 'ಉಫ್' ಎಂದು ಊದಿದರು. ಊದಿದ್ದು ಮರದ ಮೇಲಿನ ಪುಡಿಯನ್ನೋ ನನ್ನ ಕೈಮೇಲಿನದನ್ನೋ? ಮತ್ತೆ ಅದೇ ಗೋಳು.

"ಇದು ಎಷ್ಟು ವರ್ಷ ಬರುತ್ತೆ?" ಎಂದೆ.

"ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ."

"ಆರು ತಿಂಗಳು ತಾನೇ ನಿಮಗೆ ಬೇಕಿರೋದು?"

ಅವರು ಸ್ಯಾಂಡ್‌ಪೇಪರ್ ತೆಗೆದುಕೊಂಡು, ಆಗಲೇ ನುಣುಪಾಗಿದ್ದ ಕಾಲನ್ನು ಮತ್ತೆ ಉಜ್ಜತೊಡಗಿದರು. ಅಲ್ಲ ಎಂದು ಒಂದು ಮಾತು ಹೇಳಲಿ ಎಂದೇ ನಾನು ಕೇಳಿದ್ದು. ಆ ಮೂರು ವಾರಗಳಲ್ಲಿ ಅದೇ ಪ್ರಶ್ನೆಯನ್ನು ಹತ್ತು ಸಲವಾದರೂ ಕೇಳಿದ್ದೇನೆ, ಹತ್ತು ಸಲವೂ ಅವರು ಏನನ್ನಾದರೂ ಉಜ್ಜಿದ್ದಾರೆ.

ಅವರು ಹೋದ ಮೇಲೆ ಅಮ್ಮ ಲೋಟ ತೊಳೆಯುತ್ತಾ ಕೇಳಿದಳು. "ಪುಟ್ಟಿ, ಆ ಮನುಷ್ಯ ಬರೋದು ಮೀನಿಗೋಸ್ಕರನೋ ನಿನಗೋಸ್ಕರನೋ?"

"ನೀನೇ ಕೇಳು."

"ನಾನು ಕೇಳಿದ್ರೆ 'ನಿಮ್ಮ ಕಾಫಿಗೋಸ್ಕರ' ಅಂದ್ಬಿಡ್ತಾರೆ. ನೀನು ಕೇಳು."

ಕೇಳುವುದು ಹೇಗೆ? ಇಲ್ಲ ಎಂದುಬಿಟ್ಟರೆ ಆ ಹನ್ನೊಂದು ಮೀನುಗಳ ಎದುರು ಆರು ತಿಂಗಳು ಮುಖ ಹೊತ್ತು ಓಡಾಡಬೇಕಾದವಳು ನಾನು.

ಮೂರನೆಯ ಭಾನುವಾರ ಬೆಳಿಗ್ಗೆ ಬಂದವರೇ, "ಫ್ಯಾಕ್ಟರಿಯವರಿಗೆ ನಾಳೆ ಉತ್ತರ ಕೊಡ್ಬೇಕು," ಎಂದರು. ಹವಾಮಾನ ಹೇಳಿದ ಹಾಗೆ ಹೇಳಿದರು. ನಾನೂ ಹವಾಮಾನ ಕೇಳಿದ ಹಾಗೆ "ಓ, ಹೌದಾ" ಎಂದೆ.

ಸ್ಟ್ಯಾಂಡಿನ ವಾರ್ನಿಶ್ ಒಣಗಿತ್ತು. ಇಬ್ಬರೂ ಎತ್ತಿ ನಡುಮನೆಗೆ ತಂದು ಕಂಬದ ಪಕ್ಕಕ್ಕೆ ತಳ್ಳಿದೆವು. ಹೋಗಲಿಲ್ಲ. ಒಂದು ತುದಿ ಗೋಡೆಗೆ ತಾಗಿದರೆ ಇನ್ನೊಂದು ಕಂಬಕ್ಕೆ ಬಡಿಯುತ್ತಿತ್ತು. ಟೇಪು ಹಿಡಿದು ನೋಡಿದೆ. ಐವತ್ತೊಂದು ಇಂಚು!

ಆಗ ಹೊಳೆಯಿತು. ಬಟ್ಟೆಯ ಅಳತೆ ಬರೆಯುವಾಗ ಎರಡೂ ಕಡೆ ಒಂದೊಂದು ಇಂಚು ಹೊಲಿಗೆಗೆ ಸೇರಿಸಿಯೇ ಬರೆಯುವವಳು ನಾನು. ಹದಿನಾಲ್ಕು ವರ್ಷದ ಅಭ್ಯಾಸ. ಆವತ್ತು ಮನಸ್ಸು ಎಲ್ಲೋ ಇದ್ದಾಗ ಕೈ ತನ್ನ ಪಾಡಿಗೆ ತಾನು ಮರಕ್ಕೂ ಮಾರ್ಜಿನ್ ಬಿಟ್ಟಿತ್ತು. ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ, ಎಲ್ಲಕ್ಕೂ ಎರಡೆರಡು ಇಂಚು ಹೆಚ್ಚು. ತುಂಡುಗಳೆಲ್ಲ ಒಂದೇ ತಪ್ಪಿನವಾದ್ದರಿಂದ ಒಂದಕ್ಕೊಂದು ಚೆನ್ನಾಗಿಯೇ ಕೂತಿದ್ದವು. ಹಾಗಾಗಿ ಕಟ್ಟುವಾಗ ನನಗೆ ಗೊತ್ತೇ ಆಗಲಿಲ್ಲ.

"ಅಯ್ಯೋ, ತಪ್ಪು ನಂದು. ಮರಕ್ಕೆ ಯಾರಾದ್ರೂ ಹೊಲಿಗೆ ಬಿಡ್ತಾರಾ?" ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಪರವಾಗಿಲ್ಲ ಬಿಡಿ," ಎಂದರು ತಕ್ಕಡಿಯವರು, ನೆಲ ನೋಡುತ್ತಾ. "ಮುಂದಿನ ಕೋಣೇಲಿ ಇಡೋಣ. ನಿಮ್ಮ ಮಿಷನ್ ಎದುರಿನ ಗೋಡೆಗೆ."

ಅಲ್ಲಿಗೆ ಸಾಗಿಸಿದೆವು. ಒಂದು ಕಾಲು ಸ್ವಲ್ಪ ಅಲ್ಲಾಡಿತು. ಕೆಳಗಿಡಲು ತೆಳ್ಳನೆಯ ಪಟ್ಟಿಯೇನಾದರೂ ಇದೆಯೇ ಎಂದು ಅವರ ಟೂಲ್ ಬಾಕ್ಸ್ ತೆರೆದೆ. ಒಳಗೆ ನಾನು ಬರೆದ ಪಟ್ಟಿ ಇತ್ತು. ನನ್ನ ದುಂಡನೆಯ ಅಂಕಿಗಳ ಪಕ್ಕದಲ್ಲಿ, ಪ್ರತಿ ಸಾಲಿನಲ್ಲೂ, ಇರುವೆಯಂಥ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದಿತ್ತು. '2 ಹೆಚ್ಚು.' '2 ಹೆಚ್ಚು.' '2 ಹೆಚ್ಚು.'

ಇವರಿಗೆ ಗೊತ್ತಿತ್ತು! ಮರ ಕೊಯ್ಯುವ ಮೊದಲೇ ಗೊತ್ತಿತ್ತು.

ಒಂದು ಗ್ರಾಂ ಬಿಡದ ಮನುಷ್ಯ ಎರಡು ಇಂಚು ಬಿಟ್ಟದ್ದು ಯಾಕೆ? ನಾನು ನೊಂದುಕೊಳ್ಳುತ್ತೇನೆಂಬ ದಾಕ್ಷಿಣ್ಯವೇ? ಹೇಗಿದ್ದರೇನು, ಆರು ತಿಂಗಳಲ್ಲಿ ಬಿಟ್ಟು ಹೋಗುವ ಮನೆ ಎಂಬ ಅಸಡ್ಡೆಯೇ? ಅಥವಾ... ಆ 'ಅಥವಾ'ದ ಮುಂದಿನದನ್ನು ಯೋಚಿಸಲು ಧೈರ್ಯ ಸಾಲದೆ ಪೆಟ್ಟಿಗೆ ಮುಚ್ಚಿದೆ.

ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ, ಕಾಲಿನ ಕೆಳಗೆ ಒಂದು ಚೂರು ಪ್ಲೈವುಡ್ ಕೊಟ್ಟು ಸರಿ ಮಾಡಿದರು. "ಗಾಜು ಇಡೋ ಮೊದಲು ಭಾರ ಹಾಕಿ ನೋಡ್ಬೇಕು," ಎಂದು ತಮ್ಮ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲು ಆರು ತಂದು ಜೋಡಿಸಿದರು. "ನೂರಿಪ್ಪತ್ತು. ನಾನು ಎಪ್ಪತ್ತೆರಡು. ನೀವು ಐವತ್ತೇಳು..."

"ಯಾರು ಹೇಳಿದ್ದು?"

"ಕಣ್ಣಳತೆ."

"ಕಣ್ಣನ್ನ ಕೆಲಸದ ಮೇಲಿಡಿ!"

"ಕೆಲಸವೇ ತೂಕದ್ದಲ್ವಾ ಮೇಡಂ?" ಎಂದವರ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಬೈಯಲು ಹೋದವಳು ಆ ಮೂಲೆಯನ್ನೇ ನೋಡುತ್ತಾ ಬಾಕಿ ಮಾತು ಮರೆತೆ.

"ಇನ್ನೂ ಸಾಲದು. ಅಮ್ಮಾ, ನೀವೂ ಬನ್ನಿ."

ಅಮ್ಮ ಬಂದು ಸ್ಟೂಲು ಹತ್ತಿ ಜಬರ್ದಸ್ತಾಗಿ ಮೇಲೆ ಕೂತಳು. "ನನ್ನದೆಷ್ಟು ಅಂತ ಹೇಳಿದ್ರೋ ನೋಡಿ, ನಾಳೆಯಿಂದ ಕಾಫಿ ಇಲ್ಲ." ಹಿಂದೆ ಆರು ಕಬ್ಬಿಣದ ಕಲ್ಲು, ಮುಂದೆ ಅಮ್ಮ, ಅವರು, ನಾನು, ಒಂದೇ ಸಾಲಿನಲ್ಲಿ. ಸ್ಟ್ಯಾಂಡು ಕಿರ್ ಎನ್ನಲಿಲ್ಲ, ಕದಲಲಿಲ್ಲ.

ಅಮ್ಮ ನಮ್ಮಿಬ್ಬರ ಮುಖವನ್ನು ಒಂದೊಂದು ಸಲ ನೋಡಿದಳು. "ಒಲೆ ಮೇಲೆ ಹಾಲಿಟ್ಟಿದ್ದೀನಿ," ಎಂದು ಇಳಿದು ಒಳಗೆ ಹೋದಳು. ಹಾಲು ಬೆಳಿಗ್ಗೆಯೇ ಕಾಯಿಸಿ ಆಗಿತ್ತು.

ಇಬ್ಬರೇ ಉಳಿದೆವು, ಕಾಲು ಇಳಿಬಿಟ್ಟುಕೊಂಡು. ಎದುರಿಗೆ ನನ್ನ ಹೊಲಿಗೆ ಯಂತ್ರ, ಅದರ ಹಿಂದೆ ನನ್ನ ಕುರ್ಚಿ. ಇಲ್ಲಿಂದ ಆ ಕುರ್ಚಿ ಎಷ್ಟು ಹತ್ತಿರ ಎಂದು ಆಗಲೇ ಗೊತ್ತಾದದ್ದು.

"ಪಟ್ಟಿ ನೋಡಿದೆ," ಎಂದೆ.

ಅವರ ಕಾಲು ಅಲ್ಲಾಡುವುದು ನಿಂತಿತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತ ಮಿಲ್ಲಲ್ಲೇ ಫೋನ್ ತೆಗೆದೆ." ಎರಡು ಅಂಗೈಗಳನ್ನೂ ತೊಡೆಗೆ ಒರೆಸಿಕೊಂಡರು. "ಆಮೇಲೆ ಯೋಚ್ನೆ ಬಂತು. ಸರಿಯಾಗಿ ಕೂತ್ರೆ ತೊಟ್ಟಿ ನಡುಮನೇಲಿರುತ್ತೆ. ನಾನು ಬಂದು, ಮೀನಿಗೆ ಊಟ ಹಾಕಿ, ನಿಮ್ಮಮ್ಮನ ಜೊತೆ ಮಾತಾಡಿ ಹೋಗ್ಬೇಕು. ಕೂರದಿದ್ರೆ ಇಲ್ಲಿಗೆ ಬರುತ್ತೆ. ನೀವಿರೋ ಕಡೆಗೆ."

ಸಂತೋಷವೋ ಸಿಟ್ಟೋ ಗೊತ್ತಾಗದೆ ಸಿಟ್ಟನ್ನೇ ಹಿಡಿದುಕೊಂಡೆ. "ಮತ್ತೆ ಊರು ಬಿಡೋ ಮಾತು? ಆರು ತಿಂಗಳು ಅಂತ ಹೇಳಿದ್ದು ಯಾರು?"

"ನಾನು ಹೇಳಿದ್ದು ಒಂದೇ ಸಲ. ಆಮೇಲೆ 'ಆರು ತಿಂಗಳು ತಾನೇ, ಆರು ತಿಂಗಳು ತಾನೇ' ಅಂತ ನೀವೇ ಕೇಳ್ತಾ ಇದ್ರಿ. ಯಾವಾಗ ಜಾಗ ಖಾಲಿ ಮಾಡ್ತೀಯ ಅಂತ ಕೇಳಿದ ಹಾಗೆ."

"ನಾನು ಕೇಳಿದ್ದು ನೀವು ಅಲ್ಲ ಅಂತೀರೇನೋ ಅಂತ!"

ಅವರು ತಿರುಗಿ ನನ್ನನ್ನು ನೋಡಿದರು. ಈ ಸಲ ನನ್ನ ಹಿಂದೆ ಇದ್ದದ್ದು ಬರೀ ಬೋಳು ಗೋಡೆ.

"ಹೋಗ್ಬೇಡಿ," ಎಂದೆ. ಧ್ವನಿ ನಡುಗಿತು, ನಡುಗಲಿ ಎಂದು ಬಿಟ್ಟೆ. "ಎರಡು ವರ್ಷದಿಂದ ಗಟ್ಟಿಯಾಗಿರೋ ಗುಂಡಿಗಳನ್ನೇ ತಂದು ಮತ್ತೆ ಹಾಕಿಸ್ತೀರಿ. ನಾನೂ ಸುಮ್ಮನೆ ಹಾಕಿ ಕೊಡ್ತೀನಿ. ಇದೇನು ಅಂತ ನಂಗೆ ಪೂರ್ತಿ ಅರ್ಥ ಆಗಿಲ್ಲ. ಆದ್ರೆ ನೀವು ಹೋದ್ರೆ ನಂಗಾಗಲ್ಲ."

ಅವರು ಜೇಬಿನಿಂದ ಫೋನ್ ತೆಗೆದು, ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಒತ್ತುತ್ತಾ ಫ್ಯಾಕ್ಟರಿಯವರಿಗೆ ಮೆಸೇಜ್ ಬರೆದರು. 'ನನಗೆ ಬರಲು ಆಗುವುದಿಲ್ಲ. ಕಾರಣ' ಎಂಬಲ್ಲಿ ಬೆರಳು ನಿಂತಿತು.

"ಕಾರಣ ಏನಂತ ಬರೀಲಿ? ಮೀನು ಅಂದ್ರೆ ನಗ್ತಾರೆ."

ನಾನು ಫೋನ್ ಕಸಿದುಕೊಂಡು 'ಮದುವೆ' ಎಂದು ಬರೆದು ವಾಪಸ್ ಕೊಟ್ಟೆ.

ಅವರು ಓದಿದರು. ಕನ್ನಡಕ ತೆಗೆದು, ಶರ್ಟಿನ ತುದಿಯಿಂದ ಒರೆಸಿ, ಹಾಕಿಕೊಂಡು ಮತ್ತೆ ಓದಿದರು.

"ಯಾರದು?" ಎಂದರು.

"ಮೊದಲು ಕಳಿಸಿ. ಆಮೇಲೆ ಹೇಳ್ತೀನಿ."

ಅವರು ಕಳಿಸಿದರು.