ಮೊಮ್ಮಗಳನ್ನು ಕೇಳಲು ಬಂದ ಮಗ

ಆಟೋದಿಂದ ಇಳಿದ ಸಕೀನಾ ಬೀ ಕಂಡದ್ದೇನು! ಮನೆಯ ಮುಂದೆ ಶಾಮಿಯಾನ! ಗಲ್ಲಿಯ ತುಂಬ ಬಿರಿಯಾನಿಯ ಘಮ! ರಾಯದುರ್ಗದಲ್ಲಿ ಮಗಳ ಬಾಣಂತನ ಮುಗಿಸಿ, ಬಸ್ಸಿನಲ್ಲಿ ಕುಲುಕಾಡಿಕೊಂಡು ಚಳ್ಳಕೆರೆಗೆ ಬಂದ ಮುದುಕಿಗೆ ಸೊಂಟದ ನೋವು ಮರೆತೇ ಹೋಯಿತು. ಮೊಮ್ಮಗಳು ಹೀನಾಳ ನಿಶ್ಚಿತಾರ್ಥ ಇವತ್ತೇ ಎಂಬುದು ಅವಳಿಗೆ ಗೊತ್ತಿತ್ತು. ಹುಡುಗ ಯಾರು ಎಂದು ಮಾತ್ರ ಮಗ ಇಫ್ತಿಕಾರ್ ಬಾಯಿ ಬಿಟ್ಟಿರಲಿಲ್ಲ. ಫೋನಿನಲ್ಲಿ ಎಷ್ಟು ಪೀಡಿಸಿದರೂ "ನಿಮಗೆ ಗೊತ್ತಿರೋ ಮನೇನೇ ಅಮ್ಮಾ. ಬಂದು ನೋಡಿ, ಕುಣಿದಾಡಿಬಿಡ್ತೀರಿ" ಎನ್ನುತ್ತಿದ್ದ. ಲಾರಿ ರಿಪೇರಿ ಮಾಡುವ ಆ ಗಂಡಸಿಗೆ ನಲವತ್ತು ದಾಟಿದರೂ ಹುಡುಗಾಟ ಬಿಟ್ಟಿರಲಿಲ್ಲ. ಇಂಥದ್ದರಲ್ಲಿ ಹುಡುಗಾಟ ಆಡಬಾರದೆಂದು ಅವನಿಗೆ ಯಾರು ಹೇಳಬೇಕು!

"ದಾದೀ!" ಎಂದು ಕೂಗುತ್ತ ಹೀನಾ ಓಡಿಬಂದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. "ನೀವು ಬರದಿದ್ರೆ ಉಂಗುರಾನೇ ಹಾಕಿಸ್ಕೊಳ್ಳಲ್ಲ ಅಂತ ಅಬ್ಬಾಗೆ ಹೇಳಿದ್ದೆ!"

"ಹುಡುಗ ಹೆಂಗವ್ನೆ? ಪಾಸೋ ಫೇಲೋ?"

"ಹೋಗಿ ದಾದಿ..." ಎಂದವಳ ಮುಖ ಕೆಂಪಾಯಿತು. ಆ ನಾಚಿಕೆ ಕಂಡು ಅಜ್ಜಿಗೆ ಜೀವ ತಂಪಾಯಿತು. ಈ ಹುಡುಗಿಯನ್ನು ಎತ್ತಿ ಆಡಿಸಿದವಳು, ಜ್ವರ ಬಂದಾಗ ಎದೆಗೆ ಅವುಚಿಕೊಂಡು ಕೂತವಳು ಅವಳೇ. ಯಾ ಅಲ್ಲಾಹ್, ಇವಳ ಈ ನಗು ಹೀಗೇ ಇರಲಿ ಎಂದು ಅವಳು ಅಲ್ಲೇ ನಿಂತು ಬೇಡಿಕೊಂಡಳು.

ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಹಾರನ್ ಕೇಳಿಸಿತು. ಮೊಳಕಾಲ್ಮೂರಿನಿಂದ ಗಂಡಿನ ಕಡೆಯವರ ವ್ಯಾನು ಬಂದೇ ಬಂತು! ಮೊದಲು ಇಳಿದದ್ದು ಕೋಲೂರಿಕೊಂಡ ಒಬ್ಬ ಮುದುಕಿ. ಹಿಂದೆ ಅವಳ ಮಗ ಶೇಕ್ಷಾವಲಿ, ರೇಷ್ಮೆ ಸೀರೆಯ ವ್ಯಾಪಾರಿ. ಅವನ ಹಿಂದೆ ಸೀರೆಯ ತಟ್ಟೆ ಹಿಡಿದು, ತಲೆ ತಗ್ಗಿಸಿ ಇಳಿದವಳು ಅವನ ಹೆಂಡತಿ. ಸಕೀನಾ ಬೀ ಅವಳ ಗುರುತು ಹಿಡಿದಳು. ಜಬೀನ್! ಹಾಗಾದರೆ ಹುಡುಗ... ಬಬ್ಲು!

ಇಪ್ಪತ್ತೈದು ವರ್ಷಗಳ ಹಿಂದೆ ಈ ಸಂಸಾರ ಪಕ್ಕದ ಮನೆಯಲ್ಲಿ ಬಾಡಿಗೆಗಿತ್ತು. ಸಕೀನಾ ಬೀಯ ಕೊನೆಯ ಕೂಸು ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಹೋಗಿತ್ತು. ಎದೆಯಲ್ಲಿ ಹಾಲು ಕಟ್ಟಿಕೊಂಡು ಅವಳು ನೋವಿನಿಂದ ನರಳುತ್ತಿದ್ದಳು. ಗೋಡೆಯಾಚೆ ಜಬೀನಳ ಹಸುಗೂಸು ಬಬ್ಲು ಹಸಿವಿನಿಂದ ಕಿರುಚುತ್ತಿತ್ತು. ಜಬೀನಳಿಗೆ ಹಾಲೇ ಇಳಿದಿರಲಿಲ್ಲ. ಅವಳ ಅತ್ತೆ ಖಾಸಿಂಬೀ, ಅದೇ ಕೋಲಿನ ಮುದುಕಿ, ಎಂಥ ಬಾಯಿಯವಳು! "ಸೊಸೆಗೆ ಹಾಲಿಲ್ಲ ಅಂತ ಗೊತ್ತಾಗ್ಲಿ, ಗೊಡ್ಡೆಮ್ಮೇನ ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಮದುವೆ ಮಾಡ್ತೀನಿ" ಎಂದು ಬೀದಿಗೆ ಕೇಳುವಂತೆ ಸಾರಿದ್ದಳು. ಹೆದರಿದ ಜಬೀನ್ ನೀರಿಗೆ ಹೋಗುವ ನೆಪದಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ತಂದು ಸಕೀನಾಳ ಮಡಿಲಿಗೆ ಹಾಕುತ್ತಿದ್ದಳು. ಅವರು ಮೊಳಕಾಲ್ಮೂರಿಗೆ ಹೋಗುವವರೆಗೂ ಹಾಗೇ ನಡೆಯಿತು. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಆಪಾ" ಎಂದು ಜಬೀನ್ ಅತ್ತಿದ್ದಳು, ಸಕೀನಾ ಆಣೆ ಮಾಡಿದ್ದಳು. ಆಗ ದಾವಣಗೆರೆಯ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಇಫ್ತಿಕಾರನಿಗೆ ಇದು ಹೇಗೆ ಗೊತ್ತಾಗಬೇಕು!

ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಹಾಗೆಯೇ. ಆ ಲೆಕ್ಕದಲ್ಲಿ ಬಬ್ಲು ಇಫ್ತಿಕಾರನಿಗೆ ತಮ್ಮ, ಹೀನಾಳಿಗೆ ಚಿಕ್ಕಪ್ಪ! ಅವರಿಬ್ಬರ ನಿಕಾಹ್ ಹರಾಮು! ಹೇಳಿದರೆ ಆಣೆ ಮುರಿಯುತ್ತದೆ, ಜಬೀನಳ ಮಾನ ಹೋಗುತ್ತದೆ. ಹೇಳದಿದ್ದರೆ ಮೊಮ್ಮಗಳ ಬಾಳೇ ಪಾಪದಲ್ಲಿ ಮುಳುಗುತ್ತದೆ. ಸಕೀನಾ ಬೀಗೆ ಇದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ಜಬೀನಳ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಇವನು ಅವನೇ ಅಲ್ವೇನೆ? ನನ್ನ ಮಡಿಲಲ್ಲಿ ಕುಡಿದೋನು?"

"ಅವನೇ ಆಪಾ... ಹುಡುಗಿ ನಿಮ್ಮ ಮೊಮ್ಮಗಳು ಅಂತ ಗೊತ್ತಾದಾಗಿಂದ ನನಗೆ ತುತ್ತು ಇಳಿದಿಲ್ಲ. ಬಾಯಿ ಬಿಡೋಕೆ ಧೈರ್ಯ ಇಲ್ಲ. ಮರ್ತುಬಿಡಿ ಆಪಾ, ನಿಮ್ಮ ಕಾಲಿಗೆ ಬೀಳ್ತೀನಿ!"

"ನಾನು ಮರ್ತೆ ಅಂತ್ಲೇ ಇಟ್ಕೋ. ಮೇಲಿರೋನು ಮರೀತಾನಾ?"

ಜಬೀನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಹೊರಗಿನಿಂದ ಇಫ್ತಿಕಾರನ ಕೂಗು ಬಂತು. "ಅಮ್ಮಾ, ಬೇಗ ಬನ್ನಿ! ಹುಡುಗನ ಬಾಯಿ ಸಿಹಿ ಮಾಡೋರು ನೀವೇ!"

ಚಪ್ಪಾಳೆ, ನಗು, ಮೊಬೈಲುಗಳ ಬೆಳಕು! ನೀಲಿ ಶೇರವಾನಿಯ ಬಬ್ಲು ನಡುವೆ ಕೂತಿದ್ದ. ಪಕ್ಕದಲ್ಲಿ ದುವಾ ಓದಲು ಬಂದ ಮಸೀದಿಯ ಹಜರತ್. ಪರದೆಯ ಹಿಂದೆ ಹೀನಾಳ ಬಳೆಗಳ ಸದ್ದು. ಸಕೀನಾ ಬೀ ಚಿಟಿಕೆ ಸಕ್ಕರೆ ಎತ್ತಿಕೊಂಡಳು. ಹುಡುಗ ನಗುತ್ತ ಬಾಯಿ ತೆರೆದ. ಮುದುಕಿ ಚಾಚಿದ ಕೈ ಹಿಂದೆಳೆದುಕೊಂಡಳು... ಸಕ್ಕರೆಯೆಲ್ಲ ನೆಲಕ್ಕೆ ಚೆಲ್ಲಿತು!

"ಈ ಸಂಬಂಧ ಆಗಬಾರದು!" ಎಂದಳು ಅವಳು. "ಇವನು ನನ್ನ ಹಾಲು ಕುಡಿದ ಮಗ!"

ಖಾಸಿಂಬೀ ಕೋಲು ಕುಟ್ಟಿ ಎದ್ದಳು. "ಏನಂದೆ? ನನ್ನ ಮೊಮ್ಮಗ ನಿನ್ನ ಹಾಲು ಕುಡಿದನಾ? ಅವನ ತಾಯಿ ಸತ್ತಿದ್ದಳಾ?"

ಸಕೀನಾ ಬೀ ಒಮ್ಮೆ ಜಬೀನಳ ಕಡೆ ನೋಡಿದಳು. ಆ ಹೆಣ್ಣಿನ ಮುಖ ಬಿಳುಚಿಕೊಂಡಿತ್ತು. ಆಗ ಮುದುಕಿ ಒಂದು ಸುಳ್ಳು ಹೇಳಿದಳು. "ಜಬೀನ್‌ಗೆ ಏನೂ ಗೊತ್ತಿಲ್ಲ. ನನ್ನ ಕೂಸು ಹೋಗಿತ್ತು, ಎದೆ ಸಿಡೀತಿತ್ತು. ಅವಳು ನೀರಿಗೆ ಹೋದಾಗ ನಾನೇ ಕದ್ದು ಕುಡಿಸ್ದೆ. ತಪ್ಪೆಲ್ಲಾ ನಂದೇ..."

"ಕಳ್ಳೀ!" ಎಂದು ಖಾಸಿಂಬೀ ಚೀರಿದಳು. "ಮಗ ಮಾಡಿದ ಸಂಬಂಧ ಸಹಿಸ್ದೆ ನಾಟಕ ಕಟ್ಟಿದೀಯಾ! ಮೊಮ್ಮಗಳ ಬಾಳಿಗೆ ಕಲ್ಲು ಹಾಕೋ ನೀನೂ ಒಬ್ಬ ಅಜ್ಜೀನಾ!"

"ಅಮ್ಮಾ... ನಾಲ್ಕು ಜನರ ಮುಂದೆ ನನ್ನ ಮಾನ ಕಳೆದ್ರಲ್ಲಾ!" ಎಂದು ಇಫ್ತಿಕಾರ್ ತಲೆ ಹಿಡಿದು ಕುಸಿದ. ಹೆತ್ತ ಮಗನೇ ಹಾಗೆ ಅಂದಾಗ ಸಕೀನಾ ಬೀಯ ಕಣ್ಣು ತುಂಬಿ ಹರಿಯಿತು. ಆದರೂ ಅವಳು ಜಬೀನಳನ್ನು ಬಿಟ್ಟುಕೊಡಲಿಲ್ಲ.

"ಸಾಕು!"

ಯಾರ ದನಿ ಅದು? ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಅತ್ತೆಯೆದುರು ಜೋರಾಗಿ ಕೆಮ್ಮಿಯೂ ಗೊತ್ತಿಲ್ಲದ ಜಬೀನ್ ಎಲ್ಲರ ನಡುವೆ ಬಂದು ನಿಂತಿದ್ದಳು! "ಆಪಾ ಕದ್ದಿಲ್ಲ. ಕೂಸನ್ನ ನಾನೇ ಒಯ್ದು ಕೊಟ್ಟೆ, ಈ ಕೈಯಾರೆ ಕೊಟ್ಟೆ. ನನಗೆ ಹಾಲಿರ್ಲಿಲ್ಲ ಅತ್ತೆ! ನಿಮ್ಮ ಬಾಯಿಗೆ ಹೆದರಿ ಮುಚ್ಚಿಟ್ಟೆ. ಈಗ ಅಟ್ಟಿ ತವರಿಗೆ! ಅಲ್ಲಿ ಯಾರೂ ಉಳಿದಿಲ್ಲ, ಆದ್ರೂ ಹೋಗ್ತೀನಿ. ಈ ಮಹಾತಾಯಿ ಇಲ್ದಿದ್ರೆ ನಿಮ್ಮ ಮೊಮ್ಮಗ ಇವತ್ತು ಶೇರವಾನಿ ಹಾಕೋಕೆ ಇರ್ತಿರಲಿಲ್ಲ!"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಖಾಸಿಂಬೀ ಮಗನ ಕಡೆ ತಿರುಗಿ "ವ್ಯಾನು ತೆಗೆಸೋ!" ಎಂದು ಗುಡುಗಿದಳು. ಶೇಕ್ಷಾವಲಿ ವ್ಯಾನಿನ ಕಡೆ ಹೋಗಲಿಲ್ಲ. ಹೆಂಡತಿಯ ಹತ್ತಿರ ಬಂದು ನಿಂತು, "ನೀವು ಕೂತ್ಕೊಳ್ಳಿ ಅಮ್ಮಾ" ಎಂದನಷ್ಟೆ. ಹುಟ್ಟಿದಂದಿನಿಂದ ಅಮ್ಮನಿಗೆ ಎದುರಾಡದ ಮಗನ ಬಾಯಲ್ಲಿ ಆ ಮಾತು ಕೇಳಿ ಮುದುಕಿ ನಿಂತಲ್ಲೇ ಕೂತುಬಿಟ್ಟಳು. "ಈ ನಿಕಾಹ್ ಕೂಡದು" ಎಂದು ಹಜರತ್ ಮೆಲ್ಲಗೆ ಹೇಳಿದರು.

ಬಬ್ಲು ಎದ್ದ. ಕೊರಳಿನ ಹೂವಿನ ಹಾರ ತೆಗೆದು ಪಕ್ಕಕ್ಕಿಟ್ಟ. ಸಕೀನಾ ಬೀಯ ಮುಂದೆ ಮಂಡಿಯೂರಿ ಅವಳ ಮಡಿಲಲ್ಲಿ ಮುಖವಿಟ್ಟು "ಅಮ್ಮೀ..." ಎಂದ. ಅಷ್ಟೇ ಅವನಿಗೆ ಹೇಳಲಾದದ್ದು! ಮುದುಕಿ ಅವನ ತಲೆಗೂದಲಿಗೆ ಕೈಯಿಟ್ಟು ಗೊಳೋ ಎಂದು ಅತ್ತಳು. ಜಬೀನ್ ಅವರಿಬ್ಬರನ್ನೂ ತಬ್ಬಿಕೊಂಡಳು. ಇಫ್ತಿಕಾರ್ ಬಂದು ತಾಯಿಯ ಪಾದ ಹಿಡಿದ. "ತಪ್ಪಾಯ್ತು ಅಮ್ಮಾ... ಒಂದು ಮಾತು ನಿಮ್ಮನ್ನ ಕೇಳಬೇಕಿತ್ತು."

ಆದರೆ ಹೀನಾ? ಅಜ್ಜಿ ಕಣ್ಣೆತ್ತಿ ಪರದೆಯ ಕಡೆ ನೋಡಿದಳು. ಆ ನಗುವನ್ನು ತನ್ನ ಕೈಯಾರೆ ಆರಿಸಿದೆನಲ್ಲ!

ಪರದೆ ಸರಿಯಿತು. ನಿಶ್ಚಿತಾರ್ಥದ ಗುಲಾಬಿ ಬಟ್ಟೆಯಲ್ಲೇ ಹೀನಾ ಹೊರಗೆ ಬಂದಳು. ಕಾಡಿಗೆ ಕೆನ್ನೆಗೆ ಇಳಿದಿತ್ತು. ಕೈಯಲ್ಲಿ ನೀರಿನ ಚೊಂಬು. ಇನ್ನು ಅವಳಿಗೆ ಈ ಹುಡುಗನೆದುರು ಪರದೆ ಏಕೆ? ಅವಳು ನೇರವಾಗಿ ಬಂದು, ಅಜ್ಜಿಯ ಮಡಿಲಿನಿಂದ ತಲೆಯೆತ್ತಲಾರದವನ ಮುಂದೆ ನಿಂತಳು. ಚೊಂಬನ್ನು ಮುಂದೆ ಹಿಡಿದಳು.

"ಚಾಚಾ," ಎಂದಳು, "ಕೈ ತೊಳ್ಕೊಳ್ಳಿ. ಊಟ ಆರಿ ಹೋಗ್ತಾ ಐತೆ."