ಸಂಪಕ್ಕ ಮತ್ತು ಮಾರ್ದನಿ ಕೋಟೆ

ತುಂಬಾ ತುಂಬಾ ಹಿಂದೆ, ನದಿಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ, ಬಣ್ಣದಗಿರಿ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಚಿತ್ರಗಳು ನಡೀತಿದ್ವು.

ನಿಜವಾಗ್ಲೂ ನಡೀತಿದ್ವು. ಅಲ್ಲಿನ ಚಿತ್ರಗಾರರು ಗಿರಿಯ ಕಲ್ಲನ್ನ ಅರೆದು ಬಣ್ಣ ಮಾಡಿ ಬಟ್ಟೆ ಮೇಲೆ ಬರೆದ್ರೆ, ಬರೆದ ಕುದುರೆ ಓಡ್ತಿತ್ತು, ಬರೆದ ರಾಕ್ಷಸ ಹಲ್ಲು ಕಡೀತಿದ್ದ. ಆದ್ರೆ ಚಿತ್ರಗಳಿಗೆ ದನಿ ಇರ್ಲಿಲ್ಲ. ಬಾಯಿ ಆಡ್ತಿತ್ತು, ಮಾತು ಬರ್ತಿರ್ಲಿಲ್ಲ. ಅದಕ್ಕೇ ಊರಲ್ಲಿ ದನಿಮನೆ ಅಂತ ಒಂದಿತ್ತು. ಅಲ್ಲಿನ ದನಿಗಾರರು ತೆರೆ ಹಿಂದೆ ಕೂತು, ಸಣ್ಣ ಕಿಂಡಿಯಿಂದ ಚಿತ್ರದ ಬಾಯಿ ನೋಡ್ತಾ, ಅದು ತೆರೆದಾಗ ಶುರು ಮಾಡಿ, ಮುಚ್ಚಿದಾಗ ಮುಗಿಸಿ, ಮಾತು ಕೊಡ್ತಿದ್ರು.

ಕುಂಬಾರರ ಮನೆ ಹುಡುಗಿ ಸಂಪಿ ದನಿಮನೆಗೆ ಸೇರಿದಾಗ ಅವಳಿಗೆ ಹನ್ನೆರಡು ವರ್ಷ. ನಾಲ್ಕು ಜನರ ಮುಂದೆ ತನ್ನ ಹೆಸರು ಹೇಳೋಕೂ ನಾಚ್ಕೊಳ್ಳೋಳು. ತೆರೆ ಹಿಂದೆ ಕೂತ್ರೆ ಮಾತ್ರ ಗೂಳಿಯಾಗ್ತಿದ್ಲು, ಗೂಬೆಯಾಗ್ತಿದ್ಲು. ಮೊದಲ ನಾಲ್ಕು ವರ್ಷ ಅವಳಿಗೆ ಕೊಟ್ಟಿದ್ದು ಆಟದ ಚಿತ್ರಗಳು. ಅಂದ್ರೆ ಮಕ್ಕಳು ಪಕ್ಕದ ಹಿಡಿ ತಿರುಗಿಸಿದ್ರೆ ಓಡೋ, ಹಾರೋ, ಹಳ್ಳಕ್ಕೆ ಬೀಳೋ ಚಿತ್ರಗಳು. ಹಾರಿದಾಗ 'ಹುಪ್' ಅನ್ನಬೇಕು, ಏಟು ಬಿದ್ದಾಗ 'ಅಬ್ಬಾ' ಅನ್ನಬೇಕು, ಸತ್ರೆ ಉದ್ದಕ್ಕೆ ಒಂದು 'ಆ' ಅನ್ನಬೇಕು. ದಿನಕ್ಕೆ ಇನ್ನೂರು ಸಲ ಸತ್ತು, ಸಂಜೆ ಮನೆಗೆ ಹೋಗಿ ಊಟ ಮಾಡ್ತಿದ್ಲು. ಇವತ್ತು ಎಷ್ಟು ಸಲ ಸತ್ತೆ ಅಂತ ಅವಳಮ್ಮ ಬಡಿಸ್ತಾ ಬಡಿಸ್ತಾ ಕೇಳೋಳು.

ಆಮೇಲೆ ಸಂತೆಯ ಗದ್ದಲ ಕೊಟ್ರು. ಆಮೇಲೆ ಮುದುಕಿಯರು, ಗಿಳಿಗಳು, ಒಬ್ಬ ಬಿಕ್ಕಳಿಸೋ ಮಂತ್ರಿ. ಇಪ್ಪತ್ತು ತುಂಬಿದಾಗ ಕಿಡಿವೀರ ಬಂದ.

ಕಿಡಿವೀರ ಹತ್ತು ವರ್ಷದ ಹುಡುಗ. ಬೆಂಕಿ ಥರ ನಿಂತಿರೋ ಜುಟ್ಟು, ಸೊಂಟದಲ್ಲಿ ಮರದ ಕತ್ತಿ. ಬರೆದ ಚಿತ್ರಗಾರ ಅವನಿಗೆ ಮುಂದಿನ ಒಂದು ಹಲ್ಲು ಹಾಕೋಕೆ ಮರೆತಿದ್ದ. ಬೇರೆ ದನಿಗಾರರು ಯಾರೂ ಅದನ್ನ ಗಮನಿಸಿರ್ಲಿಲ್ಲ. ಸಂಪಿ ಗಮನಿಸಿ 'ಸ' ಬರೋ ಕಡೆಯಲ್ಲೆಲ್ಲ ಒಂಚೂರು ಗಾಳಿ ಬಿಟ್ಟಳು. ಅವತ್ತು ತೆರೆ ಮುಂದೆ ಕೂತಿದ್ದ ಮಕ್ಕಳು ನಕ್ಕಿದ್ದು ಮೂರು ಬೀದಿಗೆ ಕೇಳಿಸ್ತಂತೆ. ಹದಿನಾರು ವರ್ಷ ಅವಳು ಆ ಹುಡುಗನಿಗೆ ದನಿಯಾದ್ಲು. ಗಂಟಲು ಕೆಡಬಾರದು ಅಂತ ಹುಳಿ ಮುಟ್ಟಲಿಲ್ಲ, ಜಗಳ ಬಂದ್ರೂ ಕೂಗಲಿಲ್ಲ. ಕಿಡಿವೀರನ ದನಿ ಹದಿನಾರು ವರ್ಷದಲ್ಲಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅದೊಂದೇ ಅವಳಿಗಿದ್ದ ಜಂಬ. ಊರಿನ ಮಕ್ಕಳೆಲ್ಲ ಕಿಡಿವೀರನ ಮಾತು ಹೇಳ್ಕೊಂಡು ಅವಳ ಪಕ್ಕದಲ್ಲೇ ಓಡಿ ಹೋಗೋರು, ಇವಳು ಸೊಪ್ಪು ತಗೊಂಡು ಸುಮ್ನೆ ಮನೆಗೆ ಬರೋಳು. ದನಿಮನೆಯ ಚಿಕ್ಕವರು ಮಾತ್ರ ಅವಳನ್ನ ಸಂಪಕ್ಕ ಅಂತ ಕರೀತಿದ್ರು, ಅವಳು ಬಾಯಿ ತೆರೆದ್ರೆ ಎಲ್ಲ ಕೆಲಸ ಬಿಟ್ಟು ಕೇಳ್ತಿದ್ರು.

ಆ ರಾಜ್ಯದ ಅರಸನಿಗೆ ಒಬ್ಬಳೇ ಮಗಳು, ಏಳು ವರ್ಷದ ಪದ್ಮಲೆ. ತಾಯಿ ಇಲ್ಲದ ಮಗು. ಯಾರು ಕರೆದ್ರೂ ಹತ್ತಿರ ಹೋಗ್ತಿರ್ಲಿಲ್ಲ, ಆದ್ರೆ ಕಿಡಿವೀರ ಅಂದ್ರೆ ಪ್ರಾಣ. ಒಂದು ಸಾಯಂಕಾಲ ಅರಮನೆ ತೋಟದ ಗೋಡೆ ಆಚೆಯಿಂದ ಕಿಡಿವೀರನ ದನಿ ಕೇಳಿಸ್ತು. ಪದ್ಮಲೆ, ಬಾ, ಆಟ ಆಡೋಣ ಅಂತ ಕರೀತು. ದಾದಿಯರು ನೋಡ್ತಿದ್ದ ಹಾಗೇ ಮಗು ಗೋಡೆಯ ಸಂದಿಯಲ್ಲಿ ನುಸುಳಿ ಹೋಯ್ತು. ಮತ್ತೆ ಸಿಗಲಿಲ್ಲ.

ಮಾರನೇ ದಿನ ಅರಮನೆ ಬಾಗಿಲಲ್ಲಿ ಒಂದು ಶಂಖ ಬಿದ್ದಿತ್ತು. ಎತ್ಕೊಂಡ್ರೆ ಅದು ಮಾತಾಡ್ತು. ತಾನು ಮಾರ್ದನಿ ಕೋಟೆಯ ಮಾಂತ್ರಿಕ ಕಪಟಕಂಠ, ಮಗು ತನ್ನ ಕೋಟೆಯ ಒಂದು ಕೋಣೆಯಲ್ಲಿದೆ ಅಂತು. ಮೂರನೇ ದಿನ ಸೂರ್ಯ ಮುಳುಗೋದ್ರೊಳಗೆ ನಿಮ್ಮ ಮಗಳು ತಾನಾಗೇ ನಡ್ಕೊಂಡು ಬಂದು ನನ್ನ ಬಾಗಿಲು ದಾಟ್ತಾಳೆ, ದಾಟಿದ್ಮೇಲೆ ಅವಳೂ ನನ್ನವಳು, ನಿಮ್ಮ ರಾಜ್ಯವೂ ನಂದು ಅಂತು.

ಅರಸ ಮೂವತ್ತು ಸೈನಿಕರನ್ನ ಕಳಿಸಿದ. ಒಬ್ಬರೂ ವಾಪಸ್ ಬರಲಿಲ್ಲ. ಆಮೇಲೆ ಸಂಪಿಯನ್ನ ಹಿಡ್ಕೊಂಡು ಬನ್ನಿ ಅಂದ.

ಸಭೆ ತುಂಬಾ ಜನ. ಅಷ್ಟು ಜನರನ್ನ ನೋಡಿ ಸಂಪಿ ಒಂದು ಕಂಬದ ಮರೆಗೆ ಸರಿದು ನಿಂತ್ಲು.

"ಏನಮ್ಮಾ, ನನ್ನ ಮಗುವನ್ನ ಕರ್ಕೊಂಡು ಹೋಗಿದ್ದು ನಿನ್ನ ದನಿ ಅಂತಾರಲ್ಲ" ಅಂದ ಅರಸ.

"ದನಿ ನಂದೇ ಪ್ರಭು" ಅಂದ್ಲು ಸಂಪಿ. "ಹೇಳಿದ್ದು ನಾನಲ್ಲ."

ಸಭೆಯಲ್ಲಿ ಗುಸುಗುಸು ಶುರುವಾಯ್ತು. ಆಗ ದನಿಮನೆಯ ಯಜಮಾನಿ ಬಸವಾಜಮ್ಮ ಎದ್ದು ನಿಂತ್ಲು. ವರ್ಷಗಟ್ಟಲೆ ಒಬ್ಬ ಮನುಷ್ಯ ಮುಂದಿನ ಸಾಲಲ್ಲಿ ತೊಡೆ ಮೇಲೆ ಶಂಖ ಇಟ್ಕೊಂಡು ಕೂತು, ಒಂದೇ ಒಂದು ಸಲವೂ ನಗದೆ ಎದ್ದು ಹೋಗ್ತಿದ್ದ, ಅವನೇ ಇರಬೇಕು ಅಂದ್ಲು. ದನಿಗಳನ್ನೆಲ್ಲ ಶಂಖದಲ್ಲಿ ಹಿಡಿದಿಟ್ಟಿದಾನೆ.

ಸಂಪಿ ತಾನೇ ಹೋಗ್ತೀನಿ ಅಂದ್ಲು. ಕತ್ತಿ ಬೇಕಾ ಅಂತ ಕೇಳಿದ್ರು, ಬೇಡ ಅಂದ್ಲು. ಒಂದು ಸೋರೆಬುರುಡೆ ತುಂಬ ನೀರು ತಗೊಂಡ್ಲು. ಮಾತಾಡೋ ಕೆಲಸಕ್ಕೆ ಹೋಗೋರಿಗೆ ನೀರಿಲ್ಲದೆ ಆಗಲ್ಲ.

ಮೂರನೇ ದಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಒಂದು ಹೆಬ್ಬಾವು ಸಿಕ್ತು. ಎರಡೂ ಕಣ್ಣು ಕುರುಡು, ದೇಹ ಅಂದ್ರೆ ತೇರಿನ ಹಗ್ಗವೂ ನಾಚಬೇಕು, ಅಷ್ಟು ಉದ್ದ.

"ಎಷ್ಟು ಜನ?" ಅಂತ ಕೇಳ್ತು ಹೆಬ್ಬಾವು. ನೂರಕ್ಕಿಂತ ಕಡಿಮೆ ಇದ್ರೆ ನುಂಗ್ತೀನಿ, ಹೆಚ್ಚಿದ್ರೆ ನಂಗೆ ಅರಗಲ್ಲ, ದಾರಿ ಬಿಡ್ತೀನಿ ಅಂತು. ಮೊನ್ನೆ ತಾನೇ ಮೂವತ್ತು ಜನ ಬಂದಿದ್ರಂತೆ.

ಸಂಪಿ ಒಂದು ಗುಟುಕು ನೀರು ಕುಡಿದ್ಲು. ಆಮೇಲೆ ಒಂದು ಮದುವೆ ದಿಬ್ಬಣವೇ ಆದ್ಲು. ಎತ್ತಿನ ಗಾಡಿಯ ಗಾಲಿ ಕಿರುಗುಟ್ಟಿತು. ಒಂದು ಕೂಸು ಅತ್ತಿತು, ಅದರ ಅಜ್ಜಿ ಜೋಗುಳ ಹಾಡಿದ್ಲು, ಅಜ್ಜ ಕೆಮ್ಮಿ ಉಗಿದ. ವಾಲಗದವನು ಪೀಪಿ ಊದಿ ನೋಡಿ ನಿಲ್ಲಿಸಿದ. ಆಮೇಲೆ ಗಂಡಿನ ತಾಯಿ ಮೂಗಿನಲ್ಲಿ ಮಾತಾಡಿದ್ಲು, "ಗಂಡಿನ ಕಡೆಯವರಿಗೆ ಒಂದು ಲೋಟ ಮಜ್ಜಿಗೇನೂ ಇಲ್ವೇನ್ರೀ?" ಹೆಣ್ಣಿನ ಸೋದರಮಾವ ದಪ್ಪ ದನಿಯಲ್ಲಿ, "ಇದ್ದ ಹಂಡೆ ಮಜ್ಜಿಗೆ ನಿಮ್ಮ ಭಾವನವರೇ ಮುಗಿಸಿದ್ರಲ್ಲ ತಾಯಿ" ಅಂದ. ಅಲ್ಲಿಂದ ಜಗಳ ಹತ್ತಿಕೊಳ್ತು. ಎರಡೂ ಕಡೆಯವರೂ ಒಟ್ಟಿಗೇ ಮಾತಾಡಿದ್ರು.

ಹೆಬ್ಬಾವು ತಲೆ ಹಿಂದಕ್ಕೆ ಎಳ್ಕೊಂಡಿತು.

"ಗಂಡಿನ ಕಡೆಯವರೂ ಇದಾರಾ? ಬೇಡಪ್ಪ, ಬೇಡ. ಹೋಗ್ರಪ್ಪ ಎಲ್ಲಾರೂ."

ಸಂಪಿ ಜಗಳ ಆಡ್ತಾ ಆಡ್ತಾನೇ ಬೆಟ್ಟ ಹತ್ತಿದ್ಲು.

ಬೆಟ್ಟದ ಅರ್ಧದಲ್ಲಿ ಕೋಟೆ ಬಾಗಿಲು. ಆ ಬಾಗಿಲು ಒಂದು ಕಲ್ಲಿನ ಸಿಂಹದ ಬಾಯಿ. ಪಕ್ಕದ ಬಂಡೆ ಮೇಲೆ ಕೆತ್ತಿತ್ತು: ನನ್ನ ಬಾಯಿಗೆ ನನ್ನ ಮಾತು ಕೊಟ್ಟೋರು ಒಳಗೆ ಹೋಗಿ. ತಪ್ಪು ಮಾತು ಕೊಟ್ರೆ ಕಚ್ತೀನಿ. ಸಿಂಹದ ತುಟಿ ಆಡ್ತಿತ್ತು, ಸದ್ದಿಲ್ಲ. ಆಡಿ ನಿಲ್ಲೋದು, ಮತ್ತೆ ಅದೇ ಥರ ಆಡೋದು.

ಇದು ಸಂಪಿಗೆ ದಿನಾ ಮಾಡೋ ಕೆಲಸ. ಮಂಡಿ ಊರಿ ಕೂತು ನೋಡಿದ್ಲು. ಮೊದಲು ತುಟಿ ಎರಡೂ ಸೇರಿ ಬಿಡ್ತಿತ್ತು, 'ಬಾ' ಇರಬೇಕು. ಆಮೇಲೆ ಬಾಯಿ ಅಗಲವಾಗೇ ಇತ್ತು, 'ಯಾ'. ಬಾ, ಯಾರದು ಅಂತ ಕೇಳ್ತಿದೆ ಅಂತ ಅನ್ನಿಸ್ತು. ಹೇಳೋಕೆ ಉಸಿರೂ ಎಳ್ಕೊಂಡ್ಲು. ಆದ್ರೆ ತಡೆದು ಇನ್ನೊಂದು ಸಲ ನೋಡಿದ್ಲು. 'ಯಾರದು' ಅಂದ್ರೆ ಕೊನೇಲಿ ತುಟಿ ದುಂಡಗಾಗಬೇಕು. ಈ ಸಿಂಹದ್ದು ದುಂಡಗಾಗ್ತಿಲ್ಲ. ಮೂರನೇದಕ್ಕೆ ಬಾಯಿ ಅಂಚು ಹಿಂದಕ್ಕೆ ಹೋಗತ್ತೆ, ನಾಲ್ಕನೇದಕ್ಕೆ ನಾಲಿಗೆ ಹಲ್ಲಿಗೆ ತಾಗಿ ಬಾಯಿ ಅರ್ಧ ತೆರೆದು ನಿಲ್ಲತ್ತೆ.

ಅವಳಿಗೆ ಅಯ್ಯೋ ಪಾಪ ಅನ್ನಿಸ್ತು. ನೂರಾರು ವರ್ಷ ಬಿಸಿಲಲ್ಲಿ ನಿಂತ ಕಲ್ಲಿಗೆ ಎಂಥ ದನಿ ಇರತ್ತೆ ಅಂತ ಯೋಚಿಸಿ, ಗಂಟಲ ತಳದಿಂದ, ಮರಳು ಉದುರೋ ಥರದ ದನಿ ತೆಗೆದ್ಲು. ಸಿಂಹದ ತುಟಿ ಬಿಟ್ಟಾಗ ಶುರು ಮಾಡಿ, ನಿಂತಾಗ ನಿಲ್ಲಿಸಿದ್ಲು.

"ಬಾಯಾರಿದೆ."

ಸಿಂಹದ ತುಟಿ ಆಡೋದು ನಿಲ್ತು. ತನ್ನ ಮಾತು ತನ್ನ ಕಿವಿಗೆ ಬಿದ್ದು ಎಷ್ಟು ಕಾಲ ಆಗಿತ್ತೋ. ಸಂಪಿ ಸೋರೆಬುರುಡೆ ನೋಡಿದ್ಲು. ತನಗೆ ಅಂತ ಇದ್ದ ನೀರು ಅದಷ್ಟೇ. ಆದ್ರೂ ಎಲ್ಲಾನೂ ಸಿಂಹದ ನಾಲಿಗೆ ಮೇಲೆ ಸುರಿದ್ಲು. ಕಲ್ಲು ಉದುರಿ ಕೆಂಚು ಕೂದಲು ಬಂತು. ನಿಜವಾದ ಸಿಂಹ ಮೈ ಕೊಡವಿ ಪಕ್ಕಕ್ಕೆ ಸರಿದು ದಾರಿ ಬಿಡ್ತು.

ಒಳಗೆ ಗೋಡೆ ತುಂಬ ಗೂಡು, ಗೂಡಿಗೊಂದು ಶಂಖ. ಅವುಗಳ ನಡುವೆ ಕಪಟಕಂಠ ಕೂತಿದ್ದ. ತೆಳ್ಳಗೆ, ಬಿಳಿಚಿಕೊಂಡಿದ್ದ. ಅವನಿಗೆ ಸ್ವಂತ ದನಿ ಅಂತಾನೇ ಇರ್ಲಿಲ್ಲ. ಬಾ ಅನ್ನೋಕೆ ಒಂದು ಮುದುಕನ ಶಂಖ ತೆಗೆದ, ನಗೋಕೆ ಒಬ್ಬ ಹುಡುಗಿಯ ಶಂಖ ತೆಗೆದ.

ನೀನೇನಾ ಆ ಹುಡುಗನ ದನಿ ಅಂತ ಕೇಳಿದ, ಯಾರೋ ವ್ಯಾಪಾರಿಯ ದನಿಯಲ್ಲಿ. ಇನ್ಮೇಲೆ ನೀನು ಬೇಕಿಲ್ಲ, ನಿನ್ನ ದನಿ ನನ್ನ ಹತ್ರ ಇದೆ, ಅದಕ್ಕೆ ಗಂಟಲು ನೋಯಲ್ಲ, ವಯಸ್ಸಾಗಲ್ಲ ಅಂದ. ಬೇಕಾದ್ರೆ ಪಂದ್ಯ ಕಟ್ಟೋಣ. ನಡುವಿನ ಕೋಣೆಯಲ್ಲಿ ಮಗು ಇದೆ. ಕೋಣೆಗೆ ಎರಡು ಬಾಗಿಲು, ಒಂದು ನಂದು, ಒಂದು ನಿನ್ನದು. ಕಿಡಿವೀರನ ಒಂದೇ ಒಂದು ಮಾತು, ಇಬ್ಬರೂ ಮೂರು ಮೂರು ಸಲ ಹೇಳೋಣ. ಮಗು ಯಾವ ಬಾಗಿಲಿಗೆ ಬರತ್ತೋ ಅವರು ಗೆದ್ದಂಗೆ ಅಂದ.

ಸಂಪಿ ಒಪ್ಕೊಂಡ್ಲು. ಸೂರ್ಯ ಆಗಲೇ ಕೆಂಪಾಗಿದ್ದ. ಅವಳ ಗಂಟಲು ಒಣಗಿ ಸೌದೆಯಾಗಿತ್ತು.

"ಹೆದರ್ಕೋಬೇಡ, ನಾನಿದೀನಿ" ಅಂತು ಶಂಖ. ಎಷ್ಟು ಚೆನ್ನಾಗಿತ್ತು ಅಂದ್ರೆ ಸಂಪಿಗೇ ಮೈ ಜುಮ್ಮಂತು. ಅವಳ ದನಿಯೇ, ಎಳೆದ ಉಸಿರು ಸಮೇತ.

ಸಂಪಿ ಹೇಳಿದ್ಲು. ಹದಿನಾರು ವರ್ಷ ಹೇಳಿದ ಹಾಗೇ ಹೇಳಬೇಕು ಅಂತ ಹೋದ್ಲು. ಕೊನೇಲಿ ದನಿ ಒಡೀತು.

ಎರಡನೇ ಸಲ ಶಂಖ ಹೇಳ್ತು, ಚೂರೂ ವ್ಯತ್ಯಾಸ ಇಲ್ಲ. ಸಂಪಿಯೂ ಹೇಳಿದ್ಲು, ಇನ್ನೂ ಜಾಗ್ರತೆಯಾಗಿ, ಇನ್ನೂ ಸರಿಯಾಗಿ, ಶಂಖಕ್ಕಿಂತ ತಾನೇ ಹೆಚ್ಚು ಕಿಡಿವೀರ ಆಗಬೇಕು ಅಂತ. ಈ ಸಲ ದನಿ ಇನ್ನೂ ಬೇಗ ಒಡೀತು. ಒಳಗಿಂದ ಮಗುವಿನ ಹೆಜ್ಜೆ ಕೇಳಿಸ್ತು. ಅದು ಕಪಟಕಂಠನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿತ್ತು.

ಮೂರನೇ ಸಲ ಶಂಖ ಹೇಳ್ತಿರುವಾಗ ಸಂಪಿ ಕೇಳೋದನ್ನ ಬಿಟ್ಟು ಬಾಗಿಲ ಬಿರುಕಿಗೆ ಕಣ್ಣಿಟ್ಟಳು. ಕೋಣೆ ನಡುವೆ ಪದ್ಮಲೆ ನಿಂತಿದ್ಲು, ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಂಡು. ಮೂರು ದಿನದಿಂದ ಆ ದನಿ ಅವಳನ್ನ ಬಿಟ್ಟಿರ್ಲಿಲ್ಲ ಅಂತ ಕಾಣತ್ತೆ.

ಸಂಪಿಗೆ ಆಗ ನೆನಪಾಯ್ತು. ಆ ಮಾತನ್ನ ತಾನು ಮೊದಲು ಹೇಳಿದ್ದು ಕಿಡಿವೀರನ ಒಂದು ಚಿತ್ರದಲ್ಲಿ, ಬಂಡೆ ತುದಿಯಲ್ಲಿ ಸಿಕ್ಕಿಕೊಂಡ ಒಂದು ಕರುವಿಗೆ, ದೂರದಿಂದ, ಕೂಗಿ. ಶಂಖ ಇವತ್ತಿಗೂ ಆ ಕರುವಿಗೇ ಕೂಗ್ತಿದೆ. ತಾನೂ ಅದನ್ನೇ ಮಾಡ್ತಿದೀನಿ. ಇಲ್ಲಿ ಕರು ಎಲ್ಲಿದೆ?

ಸಂಪಿ ನೆಲಕ್ಕೆ ಕೂತ್ಲು. ಬಾಯಿ ಮಗುವಿನ ಎತ್ತರಕ್ಕೆ ಬಂತು. ಆಮೇಲೆ ತುಂಬ ಮೆತ್ತಗೆ, ಪಕ್ಕದಲ್ಲಿ ಮಲಗಿರೋರಿಗೆ ಹೇಳೋ ಹಾಗೆ ಹೇಳಿದ್ಲು.

"ಹೆದರ್ಕೋಬೇಡ. ನಾನಿದೀನಿ."

ಎಷ್ಟು ಮೆತ್ತಗೆ ಅಂದ್ರೆ ಸರಿಯಾಗಿ ಕೇಳಿಸ್ಕೊಳ್ಳೋಕೆ ಮಗು ಕಿವಿಯಿಂದ ಕೈ ತೆಗೀಬೇಕಾಯ್ತು.

ತೆಗೀತು. ಕೇಳಿಸ್ಕೊಂಡ್ತು. ತಿರುಗಿ ಸಂಪಿಯ ಬಾಗಿಲಿಗೆ ಬಂದು, ಎರಡೂ ಕೈಯಲ್ಲಿ ತಳ್ಳಿ, ದಾಟಿಬಿಡ್ತು.

ಬಾಗಿಲ ಆಚೆ ಜುಟ್ಟಿನ ಹುಡುಗ ಇರ್ಲಿಲ್ಲ. ಮಾಸಿದ ಸೀರೆ ಉಟ್ಟ ಒಬ್ಬ ದಪ್ಪ ಹೆಂಗಸು ನೆಲದ ಮೇಲೆ ಕೂತಿದ್ಲು. ಪದ್ಮಲೆ ತುಂಬ ಹೊತ್ತು ನೋಡಿದ್ಲು.

"ಕಿಡಿವೀರ ಎಲ್ಲಿ?"

"ಇಲ್ಲೇ" ಅಂದ ಕಿಡಿವೀರ, ಸಂಪಿಯ ಬಾಯಿಂದ.

"ನೀನು ನಮ್ಮ ದಾದಿ ಥರ ಇದೀಯ" ಅಂದ್ಲು ಪದ್ಮಲೆ. ಹಾಗಂತ ಹೇಳಿ ಹೋಗಿ ತೊಡೆ ಮೇಲೆ ಕೂತ್ಕೊಂಡ್ಲು.

ಕಪಟಕಂಠನಿಗೆ ತಡೆಯಲಾರದ ಕೋಪ ಬಂತು. ಆದ್ರೆ ಅಷ್ಟು ಕೋಪಕ್ಕೆ ಒಂದು ಶಂಖ ಸಾಲಲಿಲ್ಲ. ಗೂಡಲ್ಲಿದ್ದ ಎಲ್ಲ ಶಂಖಗಳ ಬಾಯನ್ನೂ ಒಟ್ಟಿಗೇ ತೆರೆದ. ಸಾವಿರ ದನಿಗಳು ಹೊರಗೆ ಬಂದ್ವು. ಬಂದವು ಅವನಿಗೋಸ್ಕರ ನಿಲ್ಲಲಿಲ್ಲ. ಪಾರಿವಾಳಗಳ ಹಾಗೆ ಕಿಟಕಿಯಿಂದ ಹಾರಿ ತಂತಮ್ಮ ಊರಿಗೆ ಹೋದ್ವು. ಕಪಟಕಂಠ ಬಾಯಿ ತೆರೆದ, ಮುಚ್ಚಿದ, ತೆರೆದ. ಏನೂ ಬರಲಿಲ್ಲ. ಮಾರ್ದನಿಯಿಂದ ಕಟ್ಟಿದ ಕೋಟೆ, ಮಾರ್ದನಿ ನಿಂತ ತಕ್ಷಣ ಕರಗಿ ಬರೀ ಬೆಟ್ಟ ಆಯ್ತು. ಕೆಳಗೆ ಹೆಬ್ಬಾವು ಸೀನಿತು, ಮೂವತ್ತು ಜನ ಸೈನಿಕರು ಜೊಲ್ಲು ಒರೆಸ್ಕೊಂಡು ಹೊರಗೆ ಬಂದ್ರು. ಸೂರ್ಯ ಮುಳುಗಿದ್ದು ಆಮೇಲೆ.

ಅರಸ ಎಲ್ಲರ ಮುಂದೆ ಸಂಪಿಗೆ ಕೈ ಮುಗಿದು ತಪ್ಪಾಯ್ತು ಅಂದ. ಕಪಟಕಂಠನನ್ನ ಏನು ಮಾಡೋದು ಅಂತ ಕೇಳಿದ್ದಕ್ಕೆ ಬಸವಾಜಮ್ಮ, ನನ್ನ ದನಿಮನೆಗೆ ಬಿಡಿ, ಮೊದಲ ನಾಲ್ಕು ವರ್ಷ ಹಳ್ಳಕ್ಕೆ ಬೀಳೋದು ಕಲೀಲಿ ಅಂದ್ಲು. ಅವನ ಗಂಟಲಿಂದ ಮೊದಲನೇ 'ಹುಪ್' ಬರೋಕೆ ಎರಡು ವರ್ಷ ಹಿಡೀತು. ಅದು ಅವನ ಸ್ವಂತದ್ದು. ಕೇಳಿ ಅವನೇ ಅತ್ತುಬಿಟ್ಟನಂತೆ.

ಪದ್ಮಲೆ ದೊಡ್ಡವಳಾಗಿ ರಾಣಿಯಾದ್ಲು. ಅವಳ ಕಾಲದಲ್ಲಿ ಮಳೆ ಬೆಳೆ ಚೆನ್ನಾಗಿತ್ತು, ಯಾರೂ ಯಾರ ದನಿಯನ್ನೂ ಕದೀಲಿಲ್ಲ. ಅವಳ ಮಕ್ಕಳು ತೆರೆ ಮುಂದೆ ಕೂತು ಕಿಡಿವೀರನನ್ನ ಕೇಳಿದ್ರು, ಆ ಮಕ್ಕಳ ಮಕ್ಕಳೂ ಕೇಳಿದ್ರು. ತೆರೆ ಹಿಂದೆ ಸಂಪಕ್ಕನಿಗೆ ಕೂದಲು ನರೆತು, ಬೆನ್ನು ಬಾಗಿ, ಎಂಬತ್ತು ತುಂಬಿತು.

ಕಿಡಿವೀರನಿಗೆ ಮಾತ್ರ ಹತ್ತೇ ವರ್ಷ.