ಪಕ್ಕದ್ಮನೆ ಪ್ರಶ್ನೆಗೆ ಬಂದ ಮೂರು ಬೆದರಿಕೆ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಇಬ್ಬರು. ಇಪ್ಪತ್ತೆರಡರ ಹುಡುಗಿ, ಅವಳಿಗಿಂತ ವರ್ಷಕ್ಕೆ ದೊಡ್ಡವನಾದ ಹುಡುಗ. ಅವಳ ಕೈಯಲ್ಲಿ ಪ್ರಿಂಟ್ ತೆಗೆಸಿದ ಮೂರು ಹಾಳೆ, ಅವನ ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಗಾಜಿನ ಚೂರು. ದೂರು ಕೊಡಲು ಬಂದವರು ಬಾಗಿಲಲ್ಲೇ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು ವಾಡಿಕೆ. ಇವರು ಮಾತ್ರ ನೀನು ಹೇಳು, ಇಲ್ಲ ನೀನೇ ಹೇಳು ಎಂದು ಮರ್ಯಾದೆ ಮಾಡಿಕೊಳ್ಳುತ್ತ ನಿಂತರು. ಇನ್‌ಸ್ಪೆಕ್ಟರ್ ಮೇಡಂಗೆ ಅಲ್ಲೇ ಅವರ ಮೇಲೆ ಅಕ್ಕರೆ ಹುಟ್ಟಿತು. ಅದನ್ನು ತೋರಗೊಡದೆ ಪೆನ್ನು ತೆಗೆದರು.

ಇಬ್ಬರೂ ಬೇರೆ ಬೇರೆ ಮತದವರು. ಎರಡು ವರ್ಷದಿಂದ ಇಂಟರ್ನೆಟ್ಟಿನಲ್ಲಿ 'ಪಕ್ಕದ್ಮನೆ ಪ್ರಶ್ನೆ' ಎಂಬ ಪುಟ ನಡೆಸುತ್ತಿದ್ದರು. ಪಕ್ಕದ ಮನೆಯವರ ನಂಬಿಕೆಯ ಬಗ್ಗೆ ಕೇಳಬೇಕೆಂದು ಆಸೆಯಿದ್ದೂ ನಾಲಿಗೆ ಏಳದವರು ಪ್ರಶ್ನೆ ಬರೆದು ಕಳಿಸುವುದು, ಪ್ರತಿ ಭಾನುವಾರ ಒಂದನ್ನು ಆರಿಸಿ ಹಾಕುವುದು, ಗೊತ್ತಿದ್ದವರು ಉತ್ತರಿಸುವುದು. 'ಪ್ರಾರ್ಥನೆಗೆ ಕೂತಾಗ ನಿಮಗೂ ನಿದ್ದೆ ಬರುತ್ತಾ?' ಎಂಬ ಪ್ರಶ್ನೆಗೆ ನಾಲ್ಕು ನೂರು ಉತ್ತರ ಬಂದಿದ್ದವಂತೆ. ಎಲ್ಲ ಮತದವರೂ ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ ಎಂದು ಹುಡುಗ ನಗದೆ ಹೇಳಿದ.

ಪುಟಕ್ಕೆ ಒಂದು ಕಟ್ಟುಪಾಡಿತ್ತು. ಬಂದದ್ದನ್ನು ಅಳಿಸುವ ಹಾಗಿಲ್ಲ, ಮುಚ್ಚಿಡುವ ಹಾಗಿಲ್ಲ. ಮಾತಿಗೆ ಮಾತೇ ಮದ್ದು ಎಂಬುದು ಅವರ ವಾದ. ಹಾಗಾಗಿ ಹತ್ತು ದಿನದಲ್ಲಿ ಬಂದ ಮೂರು ಬೆದರಿಕೆಗಳನ್ನೂ ಅಕ್ಷರ ಬಿಡದೆ ಪುಟದಲ್ಲಿ ಹಾಕಿಬಿಟ್ಟಿದ್ದರು. ಹುಡುಗಿಗೆ ಬಂದ ಮೊದಲನೆಯದು 'ನಮ್ಮ ಹುಡುಗನ ಜೊತೆ ಸೇರಿ ಧರ್ಮದ ಮಾತಾಡಬೇಡ' ಎಂದು ಶುರುವಾಗಿದ್ದರಿಂದ, ಕಳಿಸಿದವರು ಹುಡುಗನ ಕಡೆಯವರೇ ಎಂದು ಊರು ತೀರ್ಮಾನಿಸಿತು. ಶನಿವಾರ ಸಂಜೆ ಯಾರೋ ಹುಡುಗನ ಅಪ್ಪನ ಕನ್ನಡಕದ ಅಂಗಡಿಗೆ ಕಲ್ಲು ಬೀಸಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದರು ದಫೇದಾರರು. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ ಅವರಿಗೆ ಯಾರನ್ನು ಏನು ಕೇಳಲೂ ಸಂಕೋಚವಿರಲಿಲ್ಲ. "ನೀವಿಬ್ಬರೂ ಲವ್ವಾ?"

"ಅಯ್ಯೋ ಸರ್," ಎಂದಳು ಹುಡುಗಿ. "ಇವನ ಜೊತೆ ಕೂತು ಒಂದು ವಾಕ್ಯ ತಿದ್ದೋದರಲ್ಲೇ ತಲೆನೋವು ಬರತ್ತೆ. ಜೀವಮಾನ ಹೇಗೆ ಕಳೀಲಿ?"

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಕಲ್ಲಿನದಕ್ಕೆ ಬೇರೆ, ಬೆದರಿಕೆಯದಕ್ಕೆ ಬೇರೆ. ಹುಡುಗಿಗೆ ಅಪ್ಪ ಇಲ್ಲ, ತೀರಿಕೊಂಡು ಒಂದೂವರೆ ವರ್ಷವಾಯಿತು, ಅಮ್ಮ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದಾರೆ ಎಂದು ಹೇಳಿಕೆಯಲ್ಲಿ ಬಂತು. ಅವರು ಹೋದ ಮೇಲೆ ಮೇಡಂ ಹಾಳೆಗಳನ್ನು ಮತ್ತೆ ಓದಿದರು. ಎರಡನೆಯದು: 'ಏಳು ಗಂಟೆ ಮೇಲೆ ಆಚೆ ಕಂಡರೆ ನೆಟ್ಟಗಿರಲ್ಲ.' ಮೂರನೆಯದು: 'ಊಟ ನಿದ್ದೆ ಬಿಟ್ಟು ಇದನ್ನೇ ಮಾಡ್ತಾ ಕೂತಿದೀಯ. ನಿಲ್ಲಿಸದಿದ್ರೆ ಮುಗಿಸಿಬಿಡ್ತೀವಿ.'

ದಫೇದಾರರು ಕನ್ನಡಕ ಏರಿಸಿ ಇಣುಕಿದರು. "ಮೂವತ್ತೆಂಟು ವರ್ಷದ ಸರ್ವೀಸಲ್ಲಿ ನನಗೂ ಬೇಕಾದಷ್ಟು ಬೆದರಿಕೆ ಬಂದಿವೆ ಮೇಡಂ. ಊಟ ಮಾಡಿದ್ಯಾ ಅಂತ ಯಾವನೂ ಕೇಳಿರಲಿಲ್ಲ."

ಮೇಡಂ ನಗಲಿಲ್ಲ. ಅವರಿಗೂ ಹಾಸ್ಟೆಲಿನಲ್ಲಿ ಓದುವ ಮಗಳಿದ್ದಳು. ಠಾಣೆಗೆ ಬಂದ ಅಪಘಾತಗಳಿಗೆ ಇನ್ನಷ್ಟು ರಕ್ತ ಬೆರೆಸಿ ಅವಳಿಗೆ ಫೋನಿನಲ್ಲಿ ಹೇಳಿ, ಸಂಜೆಯೊಳಗೆ ರೂಮು ಸೇರುವಂತೆ ಮಾಡಿದ್ದು ಎಷ್ಟು ಸಲವೋ. ಆ ಯೋಚನೆಯನ್ನು ಅಲ್ಲೇ ಅದುಮಿದರು. ಹೊಟ್ಟೆಯೊಳಗಿನ ಅನುಮಾನಕ್ಕೆ ಪಂಚನಾಮೆ ಮಾಡಲಾಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಮೇಲಧಿಕಾರಿಯ ಫೋನು ಬಂತು. ನಲವತ್ತು ಜನ ಸಹಿ ಹಾಕಿದ ಅರ್ಜಿ ತಮ್ಮ ಮೇಜಿನ ಮೇಲಿದೆ, ಬೆದರಿಕೆಗಳನ್ನು ಹುಡುಗನೇ ತನ್ನವರಿಂದ ಬರೆಸಿದ್ದಾನೆ ಎಂಬ ಮಾತು ಅದರಲ್ಲಿದೆ, ಬುಧವಾರ ಸಂಜೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಅವನನ್ನು ಕರೆತಂದು ಕೂರಿಸಿ ಎಂದರು. ಒಮ್ಮೆ ಠಾಣೆಯಲ್ಲಿ ಕೂತೆದ್ದ ಹುಡುಗನಿಗೆ ಆಮೇಲೆ ಯಾರು ಪ್ರಶ್ನೆ ಕಳಿಸುತ್ತಾರೆ, ಯಾರು ಕೆಲಸ ಕೊಡುತ್ತಾರೆ ಎಂಬುದು ಮೇಡಂಗೆ ಗೊತ್ತಿತ್ತು. ಆಗಲಿ ಸರ್ ಎಂದು ಫೋನಿಟ್ಟರು.

ಅಂದೇ ಸಂಜೆ ನಾಲ್ಕಕ್ಕೆ ಫೋನ್ ಕಂಪನಿಯಿಂದ ವಿವರ ಬಂತು. ಮೂರೂ ಸಂದೇಶ ಒಂದೇ ನಂಬರಿನಿಂದ ಹೊರಟಿದ್ದವು, ಮೂರೂ ಮಧ್ಯಾಹ್ನ ಒಂದರಿಂದ ಒಂದೂವರೆಯೊಳಗೆ. ನಂಬರಿನ ಒಡೆಯ ಎಪ್ಪತ್ತು ದಾಟಿದ ಬಡಗಿ. ಮನೆಗೆ ಹೋದರೆ, ಮುದುಕ ಕುರ್ಚಿಯ ಕಾಲಿಗೆ ಉಪ್ಪುಕಾಗದ ತಿಕ್ಕುತ್ತ ಕೂತಿದ್ದ. ಫೋನು ಬಸ್ಸಿನಲ್ಲಿ ಬಿಟ್ಟು ಎರಡೂವರೆ ತಿಂಗಳಾಯಿತಂತೆ. ಡಿಪೋದಲ್ಲಿ ಕಳೆದ ವಸ್ತುಗಳ ಕೌಂಟರಿಗೆ ಎರಡು ಸಲ ಅಲೆದ. ಫೋನು ಅಲ್ಲೇ ಇದೆ, ಆದರೆ ಕೊಂಡ ರಸೀದಿ ತಂದರೆ ಮಾತ್ರ ಕೊಡುವುದು, ಇಲ್ಲದಿದ್ದರೆ ತೊಂಬತ್ತು ದಿನ ಕಾದು ಹರಾಜು ಹಾಕುವುದು ಎಂಬುದು ಅಲ್ಲಿಯ ನಿಯಮ.

"ಲಾಕ್ ಇತ್ತಾ ಫೋನಿಗೆ?" ಮೇಡಂ ಕೇಳಿದರು.

"ಮನೆಗೇ ಬೀಗ ಹಾಕಲ್ಲ ತಾಯಿ, ಫೋನಿಗೆಲ್ಲಿ ಹಾಕಲಿ. ಮಗಳು ವರ್ಷದ ರೀಚಾರ್ಜ್ ದುಡ್ಡು ಒಟ್ಟಿಗೆ ಕಟ್ಟಿದಾಳೆ, ಅದೇ ಹೊಟ್ಟೆಯುರಿ."

ಡಿಪೋ ಎಂಬ ಮಾತು ಕೇಳಿದೊಡನೆ ಮೇಡಂ ದಫೇದಾರರತ್ತ ನೋಡಿದರು. ದಫೇದಾರರು ಕುರ್ಚಿಯ ಕಾಲು ನೋಡುತ್ತಿದ್ದರು.

ಬುಧವಾರ ಮಧ್ಯಾಹ್ನ ಒಂದು ಹದಿನೈದಕ್ಕೆ, ಡಿಪೋದ ಇಬ್ಬರು ನೌಕರರನ್ನು ಪಂಚರಾಗಿ ಕರೆದುಕೊಂಡು ಅವರು ಕೌಂಟರಿಗೆ ಹೋದರು. ಉದ್ದನೆಯ ಕೋಣೆ, ಸೂರಿನವರೆಗೆ ಕಬ್ಬಿಣದ ಕಪಾಟು. ಕೊಡೆಗಳು, ಊರುಗೋಲು, ಒಂದೇ ಕಾಲಿನ ಬೂಟು, ಹಲ್ಲಿನ ಸೆಟ್ಟು, ಒಂದು ತಬಲ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಮೇಜಿನ ಹಿಂದಿದ್ದ ಹೆಂಗಸಿಗೆ ಐವತ್ತರ ಆಸುಪಾಸು, ಹುಡುಗಿಯದೇ ಗಲ್ಲ. ಬಡಗಿಯ ಫೋನು ಎಂದು ಕೇಳಿದಾಗ ರಿಜಿಸ್ಟರ್ ತೆರೆಯದೆಯೇ ಎದ್ದು ಹೋಗಿ ಮೂರನೆಯ ಕಪಾಟಿನಿಂದ ತಂದಿಟ್ಟರು.

"ಎರಡೂವರೆ ತಿಂಗಳಿಂದ ಇಲ್ಲೇ ಇದೆಯಾ?"

"ಹೌದು ಮೇಡಂ."

"ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ಬೀಗದಕೈ ನನ್ನ ಹತ್ರಾನೇ ಇರತ್ತೆ."

ಮೇಡಂ ಬದಿಯ ಗುಂಡಿ ಒತ್ತಿದರು. ಪರದೆ ಬೆಳಗಿತು. ಬ್ಯಾಟರಿ ಎಂಬತ್ತನಾಲ್ಕು ಪರ್ಸೆಂಟ್. ಅಷ್ಟು ದಿನ ಮುಟ್ಟದೆ ಇಟ್ಟ ಫೋನು ಯಾವತ್ತೋ ಸತ್ತಿರಬೇಕಿತ್ತು. ಹೆಂಗಸು ಆ ಅಂಕಿಯನ್ನೇ ನೋಡಿದರು. ಆಮೇಲೆ ಯಾರೂ ಹೇಳದೆ ಕುರ್ಚಿಯಲ್ಲಿ ಕೂತರು.

ಪಂಚನಾಮೆಗೆ ಸಂದೇಶಗಳನ್ನು ಒಂದೊಂದಾಗಿ ಓದಿ ಬರೆಸುವಾಗ ಮೂರಕ್ಕೆ ಬದಲು ನಾಲ್ಕು ಸಿಕ್ಕವು. ಮೊದಲನೆಯದು ಬೆದರಿಕೆಗಳಿಗಿಂತ ಮೂರು ವಾರ ಹಿಂದಿನದು, ಅದೇ ಪುಟಕ್ಕೆ ಹೆಸರಿಲ್ಲದೆ ಕಳಿಸಿದ ಪ್ರಶ್ನೆ: 'ಗಂಡ ಹೋದ ಮೇಲೆ ಸಂಜೆ ಹೊತ್ತು ನಿಮ್ಮಲ್ಲಿ ಹೆಂಗಸರು ಏನು ಮಾಡ್ತೀರಿ?'

ಬರೆಯುತ್ತಿದ್ದ ದಫೇದಾರರ ಪೆನ್ನು ನಿಂತಿತು. ಮೇಡಂ ಓದಿ ಮುಗಿಸಿ, ಬರೀರಿ ಎಂದರು.

ಬಂಧನದ ಸಮಯ ಎರಡು ಗಂಟೆ ಹತ್ತು ನಿಮಿಷ. ಠಾಣೆಯಲ್ಲಿ ಆ ತಾಯಿ ಏನನ್ನೂ ಮುಚ್ಚಲಿಲ್ಲ. ಆ ಪ್ರಶ್ನೆಗೆ ಇನ್ನೂರ ಅರವತ್ತೊಂದು ಉತ್ತರ ಬಂದಿದ್ದವು, ಎಲ್ಲ ಮತದ ಹೆಂಗಸರಿಂದ. ಒಬ್ಬಳು ರೇಡಿಯೋ ಜೋರಾಗಿ ಹಾಕುತ್ತಾಳೆ. ಒಬ್ಬಳು ಮರೆತು ಎರಡು ತಟ್ಟೆ ಇಟ್ಟು ಒಂದನ್ನು ಒಳಗಿಡುತ್ತಾಳೆ. ಊಟದ ಬಿಡುವಿನಲ್ಲಿ ಅವನ್ನೆಲ್ಲ ಖಾಲಿ ಚೀಟಿಗಳ ಬೆನ್ನಿಗೆ ಬರೆದಿಟ್ಟುಕೊಂಡಿದ್ದರು. ಆದರೆ ಅವುಗಳ ನಡುನಡುವೆ ಬೇರೆ ಮಾತುಗಳೂ ಇದ್ದವು. ಮಗಳ ಬಗ್ಗೆ, ಅವಳ ಮೈಯ ಬಗ್ಗೆ, ಅವಳಿಗೆ ಏನು ಮಾಡಬೇಕೆಂಬುದರ ಬಗ್ಗೆ. ಎರಡೂ ಕಡೆಯ ಗಂಡಸರು ಬರೆದದ್ದು. ಕಟ್ಟುಪಾಡಿನಂತೆ ಮಗಳು ಒಂದನ್ನೂ ಅಳಿಸಿರಲಿಲ್ಲ.

"ಇದನ್ನ ನಿಲ್ಲಿಸು ಅಂತ ಎಷ್ಟು ಸಲ ಹೇಳಿದೆ ಮೇಡಂ. ಕೇಳಲಿಲ್ಲ. ಹೊರಗಿನವರು ಹೆದರಿಸೋದಕ್ಕಿಂತ ಮುಂಚೆ ನಾನೇ ಹೆದರಿಸಿಬಿಡೋಣ ಅಂತ."

"ಆ ಹುಡುಗನ ಕಡೆಯವರ ಹೆಸರಲ್ಲಿ ಯಾಕೆ?"

"ನಮ್ಮವರು ಅಂದ್ರೆ ಜಗಳಕ್ಕೆ ನಿಲ್ತಾಳೆ. ಅವರು ಅಂದ್ರೆ, ಪಾಪ, ಅವರ ಮನಸ್ಸು ನೋಯಬಾರದು ಅಂತ ಬಿಟ್ಟುಬಿಡ್ತಾಳೆ ಅಂದ್ಕೊಂಡೆ." ತಾಯಿ ಸೆರಗಿನ ತುದಿ ಸುತ್ತಿದರು. "ಅದನ್ನೂ ತಗೊಂಡೋಗಿ ಪುಟದಲ್ಲಿ ಹಾಕ್ತಾಳೆ ಅಂತ ಯಾರಿಗೆ ಗೊತ್ತಿತ್ತು."

ಐದು ಗಂಟೆಗೆ ಮಗಳು ಬಂದಳು, ಹುಡುಗ ಬಂದ, ಹಿಂದೆಯೇ ಕನ್ನಡಕದ ಅಂಗಡಿಯವರೂ ಬಂದರು. ಕಲ್ಲು ಬೀಸಿದ ಇಬ್ಬರು ಕ್ಯಾಮೆರಾದಲ್ಲಿ ಸಿಕ್ಕಿದ್ದರು. ಆದರೆ ಬೀದಿಯಲ್ಲಿ ಹಬ್ಬಿದ್ದ ಅನುಮಾನ ಕ್ಯಾಮೆರಾಕ್ಕೆ ಕರಗುವಂಥದ್ದಲ್ಲ. ನಿಜವನ್ನು ಪುಟದಲ್ಲಿ ಹಾಕಿದರೆ ಹುಡುಗನ ಮೈಮೇಲಿನ ಮಸಿ ಅಳಿಯುತ್ತದೆ, ಅದೇ ಮಸಿ ಅಮ್ಮನ ಮುಖಕ್ಕೆ ಹತ್ತುತ್ತದೆ. ಎರಡು ವರ್ಷದಲ್ಲಿ ಮೊದಲ ಸಲ ಹುಡುಗಿ ಫೋನನ್ನು ಮಗುಚಿ ಇಟ್ಟಳು.

"ಇದನ್ನ ಹಾಕಲ್ಲ," ಎಂದಳು. ಹುಡುಗ ನೆಲ ನೋಡುತ್ತ, ಬೇಡ ಬಿಡು ಎಂದ.

"ಕೊಡಿಲ್ಲಿ," ಎಂದರು ತಾಯಿ. ಫೋನು ಕೇಳಿದ್ದು ಹುಡುಗನ ಹತ್ತಿರ. ಬರೆದದ್ದು ತಾನು, ಯಾಕೆ ಬರೆದೆ ಎಂಬುದು ಇದು, ಇವರ ಮನೆಯವರದೇನೂ ತಪ್ಪಿಲ್ಲ ಎಂದು ನಾಲ್ಕು ಸಾಲನ್ನು ಒಂದೇ ಬೆರಳಿನಲ್ಲಿ ಒತ್ತಿ, ಕೆಳಗೆ ಪೂರ್ತಿ ಹೆಸರು ಹಾಕಿದರು. ಕಾಲು ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಮೇಡಂ ಮೇಲಧಿಕಾರಿಗೆ ಫೋನು ಮಾಡಿ, ಹುಡುಗನನ್ನು ಕೂರಿಸುವ ಅಗತ್ಯವಿಲ್ಲ ಎಂದು ತಿಳಿಸಿದರು.

ಜಾಮೀನಿಗೆ ಬಿಡಬಹುದಾದ ಅಪರಾಧ. ಶ್ಯೂರಿಟಿ ಯಾರು ಎಂದು ದಫೇದಾರರು ಕೇಳಿದಾಗ ಹುಡುಗಿ ಸುತ್ತ ನೋಡಿದಳು. ಕನ್ನಡಕದ ಅಂಗಡಿಯವರು ಅಷ್ಟು ಹೊತ್ತೂ ಕೈಕಟ್ಟಿ ಗೋಡೆಗೊರಗಿ ನಿಂತಿದ್ದವರು ಮುಂದೆ ಬಂದರು.

"ನನಗೆ ಸಿಟ್ಟು ಹೋಗಿಲ್ಲ ನೋಡಿ," ಎಂದರು, ತಾಯಿಯ ಕಡೆ ತಿರುಗದೆ. "ನಾಲ್ಕು ದಿನದಿಂದ ಜನ ನನ್ನ ಅಂಗಡಿ ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಿದಾರೆ. ಸಿಟ್ಟು ಬೇರೆ, ಸಹಿ ಬೇರೆ. ಎಲ್ಲಿ ಹಾಕಬೇಕು?"

ಅಪ್ಪ ಮಗ ಹೊರಟ ಮೇಲೆ ತಾಯಿ ಮಗಳು ಜಾಮೀನಿನ ಕಾಗದಕ್ಕೆ ಕಾಯುತ್ತ ಬೆಂಚಿನ ಮೇಲೆ ಉಳಿದರು. ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಮೇಡಂ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯಲು ಕೂತಿದ್ದರು. 'ಮಗಳ ಮೇಲಿನ ಭಯ' ಎಂದು ಬರೆದರು. ಸರಿಕಾಣಲಿಲ್ಲ. 'ಮಗಳ ಬಗ್ಗೆ ಭಯ' ಎಂದು ತಿದ್ದಿದರು. ಅದೂ ಅರ್ಧವೇ ಅನಿಸಿತು.

"ಸಂಜೆ ಹೊತ್ತು ಏನು ಮಾಡ್ತೀರಿ ಅಂತ ಊರವರನ್ನೆಲ್ಲ ಕೇಳಿದ್ಯಲ್ಲಮ್ಮಾ," ಬೆಂಚಿನ ಕಡೆಯಿಂದ ಹುಡುಗಿಯ ದನಿ ಬಂತು. "ನನ್ನನ್ನ ಕೇಳಬಹುದಿತ್ತು. ನಾನೂ ಅದೇ ಮನೇಲೇ ಇದೀನಿ. ನಂಗೂ ಅಪ್ಪ ಸತ್ತಿದಾರೆ."

"ನಿಂಗೆ ಸತ್ತಿದ್ದು ಅಪ್ಪ ಕಣೇ," ಎಂದರು ತಾಯಿ. "ನಂಗೆ ಸತ್ತಿದ್ದು ಬೇರೆಯವನು."

ಹುಡುಗಿ ನಡುವಿನ ಜಾಗ ಮುಚ್ಚಿ ಅಮ್ಮನ ಪಕ್ಕಕ್ಕೆ ಸರಿದಳು. ಆಮೇಲೆ, ಅವನು ಹೇಗಿದ್ದ ಎಂದು ಕೇಳಿದಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿ, ಕಾಗದ ಇನ್ನೂ ಸ್ವಲ್ಪ ತಡವಾಗಲಿ ಎಂದು ದಫೇದಾರರಿಗೆ ಕಣ್ಣಲ್ಲೇ ಹೇಳಿದರು.